ಔಷಧ ಪೆಟ್ಟಿಗೆಯಿಂದ ಮಹಿಳಾ ಸಂಘದವರೆಗೆ

ಬೀದರ್ ಜಿಲ್ಲೆಯಲ್ಲಿ ಕ್ರೈಸ್ತರೆಂದರೆ ಬಹುಮಟ್ಟಿಗೆ ಮೆಥೊಡಿಸ್ಟರು. ಕಥೋಲಿಕರು ಬೆರಳೆಣಿಕೆಯ ಮಂದಿ. ಅವರ ಕಲಬುರಗಿ ಧರ್ಮಪ್ರಾಂತ್ಯ ರೂಪುಗೊಂಡದ್ದೇ 2005ರಲ್ಲಿ. ಜೀವ ಉಳಿಸಬೇಕು, ಸಂಸಾರಕ್ಕೆ ಆಸರೆಯಾಗಬೇಕು ಎಂಬ ಅವರ ಮಾತು ಹಲಬರ್ಗಾ, ಭಾಲ್ಕಿ, ಔರಾದ್‌ಗಳ ಕಡೆಗೆ ಬರುವ ಹೊತ್ತಿಗೆ ಕನ್ನಡನಾಡಿನಲ್ಲೇ ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ವಯಸ್ಸಾಗಿತ್ತು.

ಆ ಮಾತು ಕನ್ನಡನಾಡಿನಲ್ಲಿ ಶುರುವಾದದ್ದು ಬೋಧನೆಯಿಂದಲ್ಲ, ಮದ್ದಿನಿಂದ. 1880ರಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಹಂಚತೊಡಗಿದರು. ಹತ್ತೇ ವರ್ಷದಲ್ಲಿ, ಮನೆಯವರೂ ಹೊರಗಿಟ್ಟ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನಲ್ಲಿ 1886ಕ್ಕೆ ಗುಡ್ ಶೆಫರ್ಡ್ ಭಗಿನಿಯರ ಸೇಂಟ್ ಮಾರ್ಥಾಸ್ ಆಸ್ಪತ್ರೆ ಬಂತು.

ಸಿದ್ಧಾಂತದ ಕಡೆ ಚಲನೆ ನಿಧಾನ. ಭ್ರೂಣಹತ್ಯೆ ಕೂಡದೆಂಬುದು ಆದಿ ಕ್ರೈಸ್ತರ ಕಾಲದ ನಿಲುವೇ. ಆದರೆ ಸಂಸಾರ ಸಾಗಿಸುವಷ್ಟು ಕೂಲಿ ದುಡಿಮೆಗಾರನ ಹಕ್ಕು ಎಂಬ ಮಾತಿಗೆ 1891ರಲ್ಲಿ ಪೋಪ್ 13ನೇ ಲಿಯೋ ಹೊರಡಿಸಿದ ವಿಶ್ವಪತ್ರ ಬೇಕಾಯಿತು. ಗರ್ಭನಿರೋಧದ ವಿಚಾರ ಅಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಅದಕ್ಕೆಂದೇ ನೇಮಿಸಿದ್ದ ಆಯೋಗದ ಬಹುಮತ ಸಡಿಲಿಕೆಯ ಪರವಾಗಿತ್ತು. ಪೋಪ್ 6ನೇ ಪೌಲ್ ಅದನ್ನು ಒಪ್ಪದೆ 1968ರಲ್ಲಿ ಕೃತಕ ವಿಧಾನಗಳಿಗೆ ಬಾಗಿಲು ಮುಚ್ಚಿದರು. ಹೆಂಗಸರ ಆಪರೇಷನ್ನೇ ಕುಟುಂಬ ಯೋಜನೆಯ ಮುಖ್ಯ ವಿಧಾನವಾಗಿರುವ ಕರ್ನಾಟಕದಲ್ಲಿ ಆ ಆಜ್ಞೆ ಪೀಠದಿಂದ ಅಡುಗೆಮನೆಯವರೆಗೆ ತಲುಪಿತೆಂದು ಹೇಳುವುದು ಕಷ್ಟ.

1971ರ ಆಗಸ್ಟ್ 10ರಂದು ಭಾರತ ವೈದ್ಯಕೀಯ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಕಥೋಲಿಕ ಧರ್ಮಸಭೆ ಅದನ್ನು ಇಂದಿಗೂ ವಿರೋಧಿಸುತ್ತದೆ. ಹೆಣ್ಣಿನ ಆರೋಗ್ಯ, ಆಯ್ಕೆಯ ಪ್ರಶ್ನೆ ಎತ್ತುವವರು ಒಪ್ಪುವುದಿಲ್ಲ. ಇಬ್ಬರೂ ಒಂದೇ ಕಡೆ ನಿಲ್ಲುವುದು ಲಿಂಗಪತ್ತೆಯ ವಿಷಯದಲ್ಲಿ. 1994ರ ಕಾಯ್ದೆ ಅದನ್ನು ನಿಷೇಧಿಸಿದರೂ 2023ರಲ್ಲಿ ಬಯಲಾದ ಮಂಡ್ಯದ ಜಾಲ ನಾಡನ್ನು ಬೆಚ್ಚಿಬೀಳಿಸಿತು. ಬೆಲ್ಲ ತಯಾರಿಸುವ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಬಸುರಿಯರನ್ನು ಪರೀಕ್ಷಿಸುತ್ತಿದ್ದರೆಂಬುದು ಪೊಲೀಸರ ಆರೋಪ. ಇದು ನಿಷೇಧವೊಂದರಿಂದಲೇ ನಿಲ್ಲುವ ಪಿಡುಗಲ್ಲ. ವರದಕ್ಷಿಣೆಯ ಲೆಕ್ಕ ಹಾಕುವ ಮನೆಗೆ ಧರ್ಮಸೂಕ್ಷ್ಮ ಹೇಳಿ ಬರುವುದರಿಂದಲೂ ಆಗದು.

ಬದುಕಿನ ಇನ್ನೊಂದು ತುದಿಯ ಚರ್ಚೆಗೂ ಕನ್ನಡದ ಹೆಸರೇ ಸಿಕ್ಕಿತು. ಹೊನ್ನಾವರ ತಾಲ್ಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರಲ್ಲಿ ತಮ್ಮ ಮೇಲೆ ನಡೆದ ಹಲ್ಲೆಯ ನಂತರ ಸುಮಾರು 42 ವರ್ಷ ಹಾಸಿಗೆ ಹಿಡಿದಿದ್ದರು. ಅವರ ದಯಾಮರಣದ ಅರ್ಜಿಯನ್ನು ವಿರೋಧಿಸಿದವರು ಆಸ್ಪತ್ರೆಯ ನರ್ಸುಗಳೇ. ತಿನ್ನಿಸಿ, ಮೈ ಒರೆಸಿ, ಮಗ್ಗುಲು ಬದಲಿಸಿ ನೋಡಿಕೊಂಡವರೂ ಅವರೇ. 2011ರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿ ತಳ್ಳಿಹಾಕಿತಾದರೂ ನಿಷ್ಕ್ರಿಯ ದಯಾಮರಣಕ್ಕೆ ದಾರಿ ಬಿಟ್ಟಿತು. ಪ್ರಯೋಜನಕ್ಕಿಂತ ಹಿಂಸೆಯೇ ಹೆಚ್ಚಾದ ಚಿಕಿತ್ಸೆ ಬೇಡವೆನ್ನಬಹುದು, ಸಾವನ್ನು ಬರಮಾಡಿಕೊಳ್ಳುವಂತಿಲ್ಲ ಎಂಬುದು ವ್ಯಾಟಿಕನ್ 1980ರಲ್ಲೇ ಎಳೆದ ಗೆರೆ. 1995ರಲ್ಲಿ 2ನೇ ಜಾನ್ ಪೌಲ್ ಗರ್ಭಪಾತ, ದಯಾಮರಣ, ಮರಣದಂಡನೆಗಳನ್ನು ಒಂದೇ ವಿಶ್ವಪತ್ರದಲ್ಲಿ ಚರ್ಚಿಸಿದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಮರಣದಂಡನೆ ಸಲ್ಲದೆಂದೇ ಧರ್ಮೋಪದೇಶವನ್ನು ತಿದ್ದಿಸಿದರು.

ಬೀದರಿನಲ್ಲಿ ಇಷ್ಟೆಲ್ಲ ದಾಖಲೆಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಸಂಸಾರ ಸಾಗಿಸುವಷ್ಟು ಕೂಲಿಯ ಬಗೆಗಿನ 1891ರ ಆ ಹಳೆಯ ಮಾತು. ಮಳೆ ಕೈಕೊಟ್ಟರೆ ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗುವ ಜನರಿರುವ ಜಿಲ್ಲೆಯಿದು. ಹುಮನಾಬಾದಿನಲ್ಲಿರುವ ಕಥೋಲಿಕರ ಆರ್ಬಿಟ್ ಸಂಸ್ಥೆ ಜಾತಿಮತ ನೋಡದೆ ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿದ್ದು ಈ ನೆಲದಲ್ಲೇ. ತಬ್ಬಲಿಗಳ ವಿಷಯದಲ್ಲಂತೂ ಕಥೋಲಿಕರು ಇಲ್ಲಿ ಒಬ್ಬಂಟಿಗಳಲ್ಲ. ಅಂಥ ಮಕ್ಕಳನ್ನು ಸಾಕಿ, ಓದಿಸುವ ಕೆಲಸವನ್ನು ಭಾಲ್ಕಿಯ ಹಿರೇಮಠವೂ ಮಾಡಿಕೊಂಡು ಬಂದಿದೆ.