ದಂಡು ಪ್ರದೇಶದ ಶರತ್ಕಾಲ: ಹ್ಯಾಲೋವೀನ್, ಹಿರಿಯರ ದಿನಗಳು ಮತ್ತು ಪೂರ್ವ ಬೆಂಗಳೂರಿನ ಸುತ್ತಾಟ

ಅಕ್ಟೋಬರ್ 31ರ ಸಂಜೆ ಪೂರ್ವ ಬೆಂಗಳೂರಿನಲ್ಲಿ ಎರಡು ಬಗೆಯ ಸಿದ್ಧತೆ ಒಟ್ಟಿಗೆ ಕಾಣುತ್ತದೆ. ಇಂದಿರಾನಗರದ ಹೋಟೆಲುಗಳ ಮುಂದೆ ಕಾಗದದ ಬಾವಲಿಗಳೂ ಅಸ್ಥಿಪಂಜರಗಳೂ ತೂಗಾಡುತ್ತವೆ. ಆಟೋ ನಿಲ್ದಾಣಗಳಲ್ಲಿ ಮರುದಿನದ ರಾಜ್ಯೋತ್ಸವಕ್ಕೆಂದು ಹಳದಿ-ಕೆಂಪು ತೋರಣ ಕಟ್ಟುತ್ತಿರುತ್ತಾರೆ. ಇನ್ನೊಂದು ದಿನ ಕಳೆದರೆ, ನವೆಂಬರ್ 2ರಂದು, ಕಲ್ಪಳ್ಳಿ ಸ್ಮಶಾನದ ಸಮಾಧಿಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತವೆ. ಮೃತರ ಸ್ಮರಣೆ, ದುಷ್ಟಶಕ್ತಿಯ ಭಯ, ವೇಷ ಮತ್ತು ದೀಪ, ಈ ನಾಲ್ಕೂ ಸೇರಿದ ಹಬ್ಬಗಳು ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳಲ್ಲಿ ಹ್ಯಾಲೋವೀನ್ ಬರುವ ಮೊದಲೇ ಇದ್ದವು. ಆ ಸಾಲಿಗೆ ಹ್ಯಾಲೋವೀನ್ ಕಡೆಯದಾಗಿ ಬಂದು ಸೇರಿದೆ. ಅದನ್ನು ಅದರ ನೆರೆಹೊರೆಯ ಹಬ್ಬಗಳ ನಡುವೆ ಇಟ್ಟು ನೋಡಿದಾಗಲೇ ಇಲ್ಲಿ ಅದು ಪಡೆದ ರೂಪ ಸ್ಪಷ್ಟವಾಗುತ್ತದೆ.

ಬೆಂಗಳೂರಿನ ಶರದೃತು

ಪಂಚಾಂಗದ ಪ್ರಕಾರ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ಶರದೃತು. ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಈ ಕಾಲಕ್ಕೆ ಮರಗಳ ಎಲೆ ಕೆಂಪಾಗಿ ಉದುರುತ್ತದೆ, ಹೊಲಗಳ ಕೊಯ್ಲು ಮುಗಿಯುತ್ತದೆ, ಹಗಲು ಬೇಗ ಕುಗ್ಗುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹಾಗಾಗುವುದಿಲ್ಲ. ಇಲ್ಲಿನ ಎಲೆ ಉದುರಿಸುವ ಮರಗಳಲ್ಲಿ ಬಹುಪಾಲು ಬರಿದಾಗುವುದು ಜನವರಿಯ ನಂತರ. ಅಕ್ಟೋಬರ್ ಹಿಂಗಾರಿನ ತಿಂಗಳು. ಮುಂಗಾರು ಹಿಂದೆ ಸರಿದು ಈಶಾನ್ಯದ ಮಾರುತಗಳು ಬೀಸತೊಡಗುತ್ತವೆ. ಮಧ್ಯಾಹ್ನದ ಬಿಸಿಲಿನ ಬೆನ್ನಿಗೇ ಸಂಜೆ ಗುಡುಗು-ಮಳೆ ಬರುತ್ತದೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಗರದಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು.

ಋತು ಬದಲಾದುದನ್ನು ದಂಡು ಪ್ರದೇಶದ ಹಳೆಯ ರಸ್ತೆಗಳಲ್ಲಿ ಆಕಾಶಮಲ್ಲಿಗೆ ಸಾರುತ್ತದೆ. ನೆಟ್ಟಗೆ ಎತ್ತರಕ್ಕೆ ಬೆಳೆಯುವ ಈ ಮರದ ಉದ್ದ ತೊಟ್ಟಿನ ಬಿಳಿ ಹೂಗಳು ರಾತ್ರಿ ಅರಳಿ ಬೆಳಗಿನ ಹೊತ್ತಿಗೆ ಪಾದಚಾರಿ ಮಾರ್ಗದ ತುಂಬ ಉದುರಿರುತ್ತವೆ. ಬೆಳಗಿನ ಸುತ್ತಾಟಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ಹ್ಯಾಲೋವೀನ್ ಎಂದರೇನು

ಹ್ಯಾಲೋವೀನ್ ಪ್ರತಿವರ್ಷ ಅಕ್ಟೋಬರ್ 31ರ ರಾತ್ರಿ ಆಚರಿಸುವ ಹಬ್ಬ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಕೆಲ್ಟ್ ಜನರಲ್ಲಿ ಕೊಯ್ಲಿನ ಕಾಲ ಮುಗಿದು ಚಳಿಗಾಲ ಆರಂಭವಾಗುವ ಸಂಧಿಯಲ್ಲಿ ಸೌವಿನ್ ಎಂಬ ಹಬ್ಬವಿತ್ತು. ಆ ರಾತ್ರಿ ಇಹಲೋಕಕ್ಕೂ ಪರಲೋಕಕ್ಕೂ ನಡುವಿನ ಗಡಿ ತೆಳುವಾಗುತ್ತದೆ, ಪ್ರೇತಗಳು ಮನೆಗಳತ್ತ ಬರುತ್ತವೆ ಎಂಬ ನಂಬಿಕೆ ಅದರೊಂದಿಗೆ ಬೆಳೆದು ಬಂದಿತು. ರೋಮಿನ ಕ್ರೈಸ್ತ ಸಭೆ ನವೆಂಬರ್ 1ನ್ನು ಸಕಲ ಸಂತರ ದಿನವೆಂದು ಗೊತ್ತುಮಾಡಿತು. 9ನೇ ಶತಮಾನದ ಹೊತ್ತಿಗೆ ಅದು ಪಶ್ಚಿಮ ಯುರೋಪಿನಲ್ಲಿ ನೆಲೆಯೂರಿತು. 10ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಅಧಿಪತಿ ಓಡಿಲೋ ನವೆಂಬರ್ 2ನ್ನು ಎಲ್ಲ ಮೃತರ ಪ್ರಾರ್ಥನೆಗೆ ಮೀಸಲಿಟ್ಟರು. ಹೀಗೆ ಹಿಂದಿನ ರಾತ್ರಿಯ ಜಾಗರಣೆ, ಸಂತರ ದಿನ, ಮೃತರ ದಿನ ಎಂಬ ಮೂರು ದಿನಗಳ ಸರಪಳಿ ಕೂಡಿಕೊಂಡಿತು. ಇಂದಿನ ಹ್ಯಾಲೋವೀನ್ ಅದರ ಮೊದಲ ಕೊಂಡಿ ಮಾತ್ರ.

ಐರಿಷರು ಟರ್ನಿಪ್ ಗೆಡ್ಡೆಯನ್ನು ಕೊರೆದು, ಒಳಗೆ ಕೆಂಡವನ್ನೋ ಬತ್ತಿಯನ್ನೋ ಇಟ್ಟು ದೀಪ ಮಾಡುತ್ತಿದ್ದರು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಲಕ್ಷಾಂತರ ಐರಿಷರು ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿ ದಪ್ಪವಾಗಿ ಬೆಳೆಯುತ್ತಿದ್ದ, ಕೊರೆಯಲು ಸುಲಭವಾದ ಸಿಹಿಗುಂಬಳ ಗೆಡ್ಡೆಯ ಜಾಗಕ್ಕೆ ಬಂದಿತು. ವೇಷ ತೊಟ್ಟ ಮಕ್ಕಳು ಮನೆಮನೆಗೆ ಹೋಗಿ ಸಿಹಿ ಕೇಳುವ ವಾಡಿಕೆ ಅಮೆರಿಕದಲ್ಲಿ ವ್ಯಾಪಕವಾದದ್ದು 20ನೇ ಶತಮಾನದ ಮಧ್ಯಭಾಗದಲ್ಲಿ.

ಪೂರ್ವ ಬೆಂಗಳೂರಿಗೆ ಬಂದ ಬಗೆ

1809ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಿಂದ ಹಲಸೂರಿನ ಸಮೀಪಕ್ಕೆ ಬಂದು ನೆಲೆಸಿತು. ದಂಡು ಎಂದು ಕರೆಸಿಕೊಂಡ ಈ ಭಾಗ 1947ರ ಜುಲೈವರೆಗೆ ಮೈಸೂರು ಸಂಸ್ಥಾನದ ಆಡಳಿತಕ್ಕೆ ಹೊರತಾಗಿತ್ತು. ಆದ್ದರಿಂದ ಹ್ಯಾಲೋವೀನ್ ದಂಡಿನ ಕಾಲದ ಉಳಿಕೆ ಎಂದು ಭಾವಿಸುವುದು ಸಹಜ, ಆದರೆ ಸರಿಯಲ್ಲ. ಈಗ ಇಲ್ಲಿ ಕಾಣುವುದು ಅಮೆರಿಕದ ರೂಪ. ಮಾಹಿತಿ ತಂತ್ರಜ್ಞಾನದ ಉದ್ಯೋಗಗಳು, ವಿದೇಶದಿಂದ ಮರಳಿದ ಕುಟುಂಬಗಳು, ಚಲನಚಿತ್ರ ಮತ್ತು ದೂರದರ್ಶನ, ಇವುಗಳ ಮೂಲಕ ಅದು ಬಂದಿತು.

ಆಚರಣೆಗೆ ಎರಡು ನೆಲೆಗಳಿವೆ. ಮೊದಲನೆಯದು ಇಂದಿರಾನಗರದ ನೂರು ಅಡಿ ರಸ್ತೆ ಮತ್ತು 12ನೇ ಮುಖ್ಯರಸ್ತೆಯ ಪಬ್ಬು, ಹೋಟೆಲು, ಕಾಫಿ ಅಂಗಡಿಗಳು. ಇಲ್ಲಿ ವಯಸ್ಕರು ವೇಷ ಧರಿಸಿ ಸೇರುತ್ತಾರೆ. ಸಂಗೀತ, ಮುಖವರ್ಣಿಕೆ, ವೇಷದ ಸ್ಪರ್ಧೆ ಇರುತ್ತವೆ. ಎರಡನೆಯದು ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗಿನ ಅಪಾರ್ಟ್‌ಮೆಂಟ್ ಸಮುಚ್ಚಯಗಳು. ಮಕ್ಕಳನ್ನು ಬರಮಾಡಿಕೊಳ್ಳಲು ಒಪ್ಪಿದ ಮನೆಗಳು ಮೊದಲೇ ಹೆಸರು ಕೊಡುತ್ತವೆ, ಬಾಗಿಲಿಗೆ ಗುರುತು ಅಂಟಿಸುತ್ತವೆ. ಸಂಜೆ ಮಕ್ಕಳು ಗುಂಪಾಗಿ ಮಹಡಿಯಿಂದ ಮಹಡಿಗೆ ಇಳಿಯುತ್ತ ಚಾಕೊಲೇಟ್ ಸಂಗ್ರಹಿಸುತ್ತಾರೆ. ಗೇಟಿನೊಳಗಿನ ಈ ಏರ್ಪಾಡು ಸುರಕ್ಷಿತವಾದುದು, ಮಳೆಗೂ ಹೆದರದು. ಆದರೆ ಬೀದಿಯ ಮಕ್ಕಳಿಗೆ ಅದರಲ್ಲಿ ಪ್ರವೇಶವಿಲ್ಲ. ಹಬ್ಬವೊಂದಕ್ಕೆ ಇದು ಸಣ್ಣ ಕೊರತೆಯಲ್ಲ.

ಕುಂಬಳಕಾಯಿಯ ಎರಡು ಕಥೆ

ಶರತ್ಕಾಲದ ಶಿವಾಜಿನಗರದಲ್ಲಿ ಎರಡು ಬಗೆಯ ಕುಂಬಳಕಾಯಿ ರಾಶಿ ಬೀಳುತ್ತದೆ. ಹ್ಯಾಲೋವೀನ್‌ಗೆ ಬೇಕಾದುದು ಸಿಹಿಗುಂಬಳ. ಇದರ ಮೂಲ ಅಮೆರಿಕ ಖಂಡ. ಯುರೋಪಿಯನ್ ನಾವಿಕರು ಸಮುದ್ರಮಾರ್ಗ ಕಂಡುಕೊಂಡ ನಂತರ ಭಾರತಕ್ಕೆ ಬಂದದ್ದು. ಆಯುಧಪೂಜೆಗೆ ಬೇಕಾದುದು ಬೂದುಗುಂಬಳ. ಇದು ಏಷ್ಯಾದ್ದೇ ಆದ ಬೇರೆ ಕುಲದ ಬಳ್ಳಿ. ಬಲಿತ ಕಾಯಿಯ ಸಿಪ್ಪೆಯ ಮೇಲೆ ಬೂದಿಯಂಥ ಮೇಣದ ಪದರ ಇರುತ್ತದೆ.

ಇವೆರಡರ ಕೆಲಸಗಳ ಹೋಲಿಕೆ ಗಮನಾರ್ಹ. ಅಮೆರಿಕದ ಮನೆಯ ಮೆಟ್ಟಿಲ ಮೇಲೆ ಹಲ್ಲು ಕಿರಿದ ಸಿಹಿಗುಂಬಳ ಪ್ರೇತಗಳನ್ನು ಹೆದರಿಸಿ ಓಡಿಸುತ್ತದೆ ಎಂಬುದು ನಂಬಿಕೆ. ಬೆಂಗಳೂರಿನಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ದಪ್ಪ ಮೀಸೆ, ಕೆಂಪು ನಾಲಗೆ, ಕೋರೆಹಲ್ಲು ಬಿಡಿಸಿದ ಬೂದುಗುಂಬಳವನ್ನೋ ರಾಕ್ಷಸನ ಮುಖದ ದೃಷ್ಟಿಬೊಂಬೆಯನ್ನೋ ತೂಗುಹಾಕುತ್ತಾರೆ. ಅದು ಕೆಟ್ಟ ಕಣ್ಣನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ನವಮಿಯ ದಿನ ಶಿವಾಜಿನಗರದ ಗ್ಯಾರೇಜು, ಬಿಡಿಭಾಗಗಳ ಅಂಗಡಿ, ಲೇತ್ ಯಂತ್ರದ ಕಾರ್ಖಾನೆಗಳಲ್ಲಿ ಸಲಕರಣೆಗಳಿಗೆ ಪೂಜೆ ಮಾಡಿ, ಬೂದುಗುಂಬಳದಲ್ಲಿ ತೂತು ಕೊರೆದು ಕುಂಕುಮ ಮತ್ತು ಚಿಲ್ಲರೆ ತುಂಬಿ, ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ಬೀದಿಯಲ್ಲಿ ಒಡೆಯುತ್ತಾರೆ. ಬಲಿಯ ಬದಲಿಗೆ ಬಂದ ಕಾಯಿ ಅದು; ಕುಂಕುಮದ ಕೆಂಪು ರಕ್ತದ ಜಾಗದಲ್ಲಿದೆ. ಒಡೆದ ಚೂರುಗಳ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುವುದುಂಟು. ಆದ್ದರಿಂದ ರಸ್ತೆಯ ಅಂಚಿನಲ್ಲಿ ಒಡೆದು, ಕೂಡಲೇ ಗುಡಿಸಿ ತೆಗೆಯುವುದು ಆಚರಣೆಯಷ್ಟೇ ಮುಖ್ಯ.

ಸಿಹಿಗುಂಬಳದ ದೀಪ ಮಾಡುವ ವಿಧಾನ ಸರಳ. ತೊಟ್ಟಿನ ಸುತ್ತ ಓರೆಯಾಗಿ ಕೊಯ್ದು ಮುಚ್ಚಳ ತೆಗೆಯಬೇಕು. ಓರೆಯಿದ್ದರೆ ಮುಚ್ಚಳ ಒಳಕ್ಕೆ ಬೀಳುವುದಿಲ್ಲ. ಬೀಜ ಮತ್ತು ನಾರು ತೆಗೆದು, ಮುಖ ಬರುವ ಬದಿಯ ತಿರುಳನ್ನು ಚಮಚದಿಂದ ಹೆರೆದು ತೆಳುಮಾಡಬೇಕು. ಊರಿನ ಕಾಯಿಯಲ್ಲಿ ತಿರುಳು ದಪ್ಪವಾಗಿರುವುದರಿಂದ ಈ ಹಂತ ತಪ್ಪಿಸಿದರೆ ಬೆಳಕು ಹೊರಬರುವುದಿಲ್ಲ. ಬಳಿಕ ಕಣ್ಣು, ಮೂಗು, ಬಾಯಿ ಕೊರೆದು ಒಳಗೆ ಹಣತೆ ಇಡಬಹುದು. ಹಿಂಗಾರಿನ ತೇವಕ್ಕೆ ಕೊರೆದ ಕಾಯಿ ಬೇಗ ಬೂಷ್ಟು ಹಿಡಿಯುತ್ತದೆ. ಹಿಂದಿನ ದಿನವಷ್ಟೇ ಕೊರೆಯುವುದು ಒಳ್ಳೆಯದು. ಹೆರೆದ ತಿರುಳು ಪಲ್ಯಕ್ಕೋ ಹುಳಿಗೋ ಆಗುತ್ತದೆ, ಬೀಜವನ್ನು ಉಪ್ಪು ಹಾಕಿ ಹುರಿಯಬಹುದು.

ಬಾಗಿಲಿಗೆ ಬರುವ ಮಕ್ಕಳು, ಬಾಗಿಲಿಗೆ ಬರುವ ದೆವ್ವ

ಮಕ್ಕಳು ಮನೆಮನೆಗೆ ಹೋಗಿ ತಿಂಡಿ ಕೇಳುವುದು ಕರ್ನಾಟಕಕ್ಕೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನವರಾತ್ರಿಯ ಸಂಜೆಗಳಲ್ಲಿ ಮಕ್ಕಳು ಗುಂಪಾಗಿ ಹೊರಟು “ಗೊಂಬೆ ಕೂರ್ಸಿದ್ದೀರಾ?” ಎಂದು ಬಾಗಿಲಲ್ಲಿ ಕೇಳುತ್ತಾರೆ. ಒಳಗೆ ಕರೆದವರು ಪಟ್ಟದ ಗೊಂಬೆಗಳ ಸಾಲು ತೋರಿಸಿ, ಹಾಡು ಹಾಡಿಸಿ, ಕೈಗೆ ಚರುಪು ಕೊಡುತ್ತಾರೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯ ತಂಡದವರು ಆರದ ದೀಪ ಹಿಡಿದು ಹಾಡುತ್ತ ಊರೂರು ಸುತ್ತುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು ಕಾಣಿಕೆ ಕೊಡುತ್ತಾರೆ. ಹ್ಯಾಲೋವೀನ್ ಸೇರಿ ಇವು ಮೂರೂ ಒಂದರಿಂದ ಇನ್ನೊಂದು ಹುಟ್ಟಿದವಲ್ಲ. ಕತ್ತಲು ಹೆಚ್ಚುವ ಕಾಲದಲ್ಲಿ ನೆರೆಯವರ ಬಾಗಿಲು ತೆರೆಸುವ ಆಸೆ ಬೇರೆ ಬೇರೆ ನಾಡಿನಲ್ಲಿ ತಾನಾಗಿ ರೂಪ ಪಡೆದಿದೆ.

ತೆರೆಯಬಾರದ ಬಾಗಿಲಿನ ಕಥೆಯೂ ಬೆಂಗಳೂರಿಗಿದೆ. 1990ರ ದಶಕದಲ್ಲಿ, ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತಟ್ಟುವ ದೆವ್ವವೊಂದರ ಸುದ್ದಿ ಹಬ್ಬಿತು. ಅದನ್ನು ಸಾಗಹಾಕಲು ಜನ ಬಾಗಿಲ ಮೇಲೆ, ಗೋಡೆಯ ಮೇಲೆ “ನಾಳೆ ಬಾ” ಎಂದು ಬರೆದರು. ದೆವ್ವ ಅದನ್ನೋದಿ ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. 2018ರ ಹಿಂದಿ ಚಿತ್ರ ‘ಸ್ತ್ರೀ’ಗೆ ಈ ಕಥೆಯೇ ಪ್ರೇರಣೆಯಾಯಿತು. ಆಮದಾದ ರಕ್ತಪಿಶಾಚಿಗಳ ನಡುವೆ ಈ ಊರಿನ ದೆವ್ವಕ್ಕೂ ವೇಷದ ಸಂಜೆಯಲ್ಲಿ ಸ್ಥಾನ ಸಿಗಬೇಕು. ಓದಲು ಬಲ್ಲ ದೆವ್ವ ಅಪರೂಪ.

ಹಿರಿಯರನ್ನು ನೆನೆಯುವ ದಿನಗಳು

ವೇಷ ಮತ್ತು ಸಿಹಿಯ ಕೆಳಗೆ ಹ್ಯಾಲೋವೀನ್‌ನ ಮೂಲದಲ್ಲಿರುವುದು ಮೃತರ ಸ್ಮರಣೆ. ಆ ಭಾಗ ಪಬ್ಬುಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಕಡೆ ಹೋಗಬೇಕು.

ಭಾದ್ರಪದದ ಕೃಷ್ಣಪಕ್ಷ ಪಿತೃಪಕ್ಷ. ಅದರ ಕೊನೆಯ ದಿನ ಮಹಾಲಯ ಅಮಾವಾಸ್ಯೆ, ಕರ್ನಾಟಕದಲ್ಲಿ ಸರ್ಕಾರಿ ರಜೆ. ಹಲಸೂರು, ಕೆ.ಆರ್. ಪುರ ಮತ್ತು ಸುತ್ತಲಿನ ಹಳ್ಳಿಗಳಾಗಿದ್ದ ಬಡಾವಣೆಗಳಲ್ಲಿ ತೀರಿಹೋದ ಹಿರಿಯರ ಪಟದ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನು ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ವಡೆ-ಪಾಯಸದೊಂದಿಗೆ, ಮಾಂಸಾಹಾರಿ ಮನೆಗಳಲ್ಲಿ ಮಾಂಸದ ಸಾರು, ಅಭ್ಯಾಸವಿದ್ದವರಾಗಿದ್ದರೆ ಬೀಡಿ ಮತ್ತು ಮದ್ಯವೂ ಎಡೆಯಲ್ಲಿ ಇರುತ್ತವೆ. ಮಾಂಸದಂಗಡಿಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತದೆ. ಸತ್ತವರನ್ನು ಭಯದಿಂದಲ್ಲ, ಅವರ ರುಚಿಯಿಂದ ನೆನೆಯುವ ಈ ಕ್ರಮ ಇಡೀ ಋತುವಿನ ಅತ್ಯಂತ ಮಾನವೀಯ ಆಚರಣೆ.

ನವೆಂಬರ್ 2ರಂದು ಕಥೋಲಿಕ ಕ್ರೈಸ್ತರು ಸಕಲ ಮೃತರ ದಿನವನ್ನು ಆಚರಿಸುತ್ತಾರೆ. ದಂಡಿನ ತಮಿಳು ಮನೆಗಳಲ್ಲಿ ಅದು ಕಲ್ಲರೈ ತಿರುನಾಳ್. ಹಳೆಯ ಮದ್ರಾಸ್ ರಸ್ತೆಯ ಸಮೀಪದ ಕಲ್ಪಳ್ಳಿಯಲ್ಲೂ ಹೊಸೂರು ರಸ್ತೆಯ ಸ್ಮಶಾನಗಳಲ್ಲೂ ಕೆಲವು ದಿನ ಮುಂಚೆಯೇ ಕಳೆ ಕಿತ್ತು, ಸಮಾಧಿಗಳಿಗೆ ಸುಣ್ಣ ಬಳಿದು, ಅಳಿಸಿದ ಹೆಸರುಗಳಿಗೆ ಹೊಸ ಬಣ್ಣ ತುಂಬುತ್ತಾರೆ. ಗೇಟಿನ ಹೊರಗೆ ಸೇವಂತಿಗೆ, ಚೆಂಡುಹೂ, ಮೇಣದ ಬತ್ತಿಗಳ ಅಂಗಡಿಗಳು ಸಾಲುಗಟ್ಟುತ್ತವೆ. ಪಾದ್ರಿಗಳು ಪೂಜೆ ಅರ್ಪಿಸಿ ಸಮಾಧಿಗಳ ಮೇಲೆ ಪವಿತ್ರ ಜಲ ಚಿಮುಕಿಸುತ್ತಾರೆ. ಸಂಜೆಯ ಹೊತ್ತಿಗೆ ಕುಟುಂಬಗಳು ಸಮಾಧಿಯ ಪಕ್ಕದಲ್ಲೇ ಕುಳಿತು ಮಾತಾಡುತ್ತಿರುತ್ತವೆ. ಕಲ್ಪಳ್ಳಿಯ ಬಗ್ಗೆ ದೆವ್ವದ ಕಥೆ ಹೇಳುವವರು ಆ ಸಂಜೆ ಅಲ್ಲಿಗೆ ಹೋಗಿ ನೋಡಬೇಕು.

ಮುಸ್ಲಿಮರು ಶಬೆ ಬರಾತ್‌ನ ರಾತ್ರಿ ಖಬರಸ್ತಾನಕ್ಕೆ ಹೋಗಿ ತಮ್ಮವರಿಗಾಗಿ ಪ್ರಾರ್ಥಿಸುತ್ತಾರೆ. ಚಾಂದ್ರಮಾನದ ಆ ದಿನ ಋತುವಿನಿಂದ ಋತುವಿಗೆ ಸರಿಯುವುದರಿಂದ ಎಲ್ಲ ವರ್ಷವೂ ಶರತ್ಕಾಲದಲ್ಲಿ ಬರುವುದಿಲ್ಲ.

2024ರಲ್ಲಿ ಅಪರೂಪದ ಜೋಡಣೆಯೊಂದು ಒದಗಿತು. ಅಕ್ಟೋಬರ್ 31ಕ್ಕೆ ನರಕ ಚತುರ್ದಶಿ ಮತ್ತು ಹ್ಯಾಲೋವೀನ್, ನವೆಂಬರ್ 1ಕ್ಕೆ ರಾಜ್ಯೋತ್ಸವ ಮತ್ತು ಸಕಲ ಸಂತರ ದಿನ, ನವೆಂಬರ್ 2ಕ್ಕೆ ಬಲಿಪಾಡ್ಯಮಿ ಮತ್ತು ಸಕಲ ಮೃತರ ದಿನ.

ಸುತ್ತಾಟದ ಸ್ಥಳಗಳು

ಋತುವಿನ ಹೊಸ್ತಿಲಲ್ಲಿರುವುದು ಶಿವಾಜಿನಗರದ ಸಂತ ಮೇರಿ ಬಸಿಲಿಕಾದ ಹಬ್ಬ. ಗಾಥಿಕ್ ಶೈಲಿಯ ಈಗಿನ ಕಟ್ಟಡ 1882ರದು. ಬಸಿಲಿಕಾ ಪದವಿ 1973ರಲ್ಲಿ ದೊರೆಯಿತು. ಆಗಸ್ಟ್ 29ರಂದು ಧ್ವಜ ಏರಿ, ಒಂಬತ್ತು ದಿನಗಳ ಪ್ರಾರ್ಥನೆ ನಡೆದು, ಸೆಪ್ಟೆಂಬರ್ 8ರ ಸಂಜೆ ತೇರು ಹೊರಡುತ್ತದೆ. ಸೀರೆಯುಟ್ಟ ಮಾತೆಯ ಪ್ರತಿಮೆ, ಹರಕೆ ಹೊತ್ತ ಕಾವಿ ಬಟ್ಟೆಯ ಭಕ್ತರು, ಎಲ್ಲ ಧರ್ಮದ ಜನಜಂಗುಳಿ. ಎದುರಿನಲ್ಲೇ 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆ ಇದೆ. ಹೂವು, ಹಣ್ಣು, ಕುಂಬಳಕಾಯಿ ಕೊಳ್ಳಲು ಬೆಳಗ್ಗೆ ಬೇಗ ಹೋಗಬೇಕು.

ಹಲಸೂರು ಈ ಋತುವಿನ ನಡುಮನೆ. ಕೆರೆಯ ಪಕ್ಕದ ಕಲ್ಯಾಣಿಯಲ್ಲಿ ಗಣೇಶನ ವಿಸರ್ಜನೆ, ತಿಂಗಳ ನಂತರ ದುರ್ಗೆಯ ವಿಸರ್ಜನೆ ನಡೆಯುತ್ತವೆ. ಕೆರೆಯಿಂದ ದೂರವಲ್ಲದ ಗಂಗಾಧರ ಚೆಟ್ಟಿ ರಸ್ತೆಯ ಆರ್‌ಬಿಎಎನ್‌ಎಂ ಮೈದಾನ ಬಂಗಾಳಿಗಳ ದುರ್ಗಾಪೂಜೆಗೆ ಹೆಸರಾದದ್ದು. ಹುಲ್ಲು ಕಟ್ಟಿ ಮಣ್ಣು ಮೆತ್ತಿದ ಪ್ರತಿಮೆ, ಢಾಕ್ ವಾದ್ಯ, ಸಂಜೆಯ ತಿಂಡಿಯ ಸಾಲು ಅಲ್ಲಿನ ಆಕರ್ಷಣೆ. ಸೋಮೇಶ್ವರ ದೇವಾಲಯದ ಗೋಡೆಯಲ್ಲಿ ಮಹಿಷಮರ್ದಿನಿಯನ್ನೂ ಕೈಲಾಸ ಎತ್ತುವ ರಾವಣನನ್ನೂ ಕಲ್ಲಿನಲ್ಲಿ ನೋಡಬಹುದು. ಕಾರ್ತಿಕ ಸೋಮವಾರಗಳ ಸಂಜೆ ಅಲ್ಲಿ ದೀಪ ಹಚ್ಚಲು ಜನ ಸೇರುತ್ತಾರೆ.

ಓಡಾಟಕ್ಕೆ ನೇರಳೆ ಮಾರ್ಗದ ಮೆಟ್ರೋ ಅತ್ಯಂತ ಅನುಕೂಲ. ಎಂ.ಜಿ. ರಸ್ತೆಯಿಂದ ಹಲಸೂರು, ಇಂದಿರಾನಗರ ದಾಟಿ ಬೈಯಪ್ಪನಹಳ್ಳಿಯವರೆಗಿನ ಮೊದಲ ತುಂಡು 2011ರ ಅಕ್ಟೋಬರ್ 20ರಂದು ಆರಂಭವಾಯಿತು. ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದ ಕೊಂಡಿ ಕೂಡಿದ್ದು 2023ರ ಅಕ್ಟೋಬರ್ 9ರಂದು. ಶಿವಾಜಿನಗರಕ್ಕೆ ಕಬ್ಬನ್ ಪಾರ್ಕ್ ನಿಲ್ದಾಣದಿಂದ ನಡೆದೋ ಬಸ್ಸಿನಲ್ಲೋ ಹೋಗಬೇಕು. ಮಳೆಯ ಸಂಜೆ ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳು ತಾಸುಗಟ್ಟಲೆ ನಿಲ್ಲುವುದುಂಟು. ವೇಷದ ಮಕ್ಕಳನ್ನು ಕರೆದೊಯ್ಯುವವರು ಕಾರಿಗಿಂತ ರೈಲನ್ನೇ ನಂಬುವುದು ಮೇಲು.

ಕಾರ್ತಿಕ ಹುಣ್ಣಿಮೆಗೆ ಈ ಸಾಲು ಮುಗಿಯುತ್ತದೆ. ಅಂದು ಗುರುನಾನಕ್ ಜಯಂತಿ. ಹಲಸೂರು ಕೆರೆಯ ದಡದ ಗುರುದ್ವಾರದಲ್ಲಿ ಕೀರ್ತನೆ ಮತ್ತು ಎಲ್ಲರಿಗೂ ಲಂಗರಿನ ಊಟ. ತಲೆಗೆ ಬಟ್ಟೆ ಕಟ್ಟಿಕೊಂಡು, ಪಾದರಕ್ಷೆ ಹೊರಗೆ ಬಿಟ್ಟು ಯಾರಾದರೂ ಪಂಕ್ತಿಯಲ್ಲಿ ಕೂರಬಹುದು.