ಗೀಳಿನವರ ಬಖೈರು

ಜಪಾನೀ ಭಾಷೆಯಲ್ಲಿ ‘ಒತಾಕು’ ಎಂಬ ಮಾತೊಂದುಂಟು. ‘ತಮ್ಮ ಮನೆ’ ಎಂದು ಅದರ ಅಕ್ಷರಶಃ ಅರ್ಥ. ಎದುರಿಗಿರುವವರನ್ನು ನೇರವಾಗಿ ‘ನೀವು’ ಎನ್ನಲು ಅಳುಕಿ, ಮನುಷ್ಯನನ್ನು ಬಿಟ್ಟು ಅವನ ಮನೆಯನ್ನೇ ಮಾತನಾಡಿಸುವ ಮರ್ಯಾದೆ ಇದು. ನಮ್ಮ ಹೆಣ್ಣುಮಕ್ಕಳು ಗಂಡನ ಹೆಸರೆತ್ತದೆ ‘ನಮ್ಮನೆಯವರು’ ಎನ್ನುವುದಿಲ್ಲವೆ? ಆ ಜಾತಿಯ ಮಾತೇ ಎನ್ನಿ. ಇಂಥ ಸಭ್ಯ ಶಬ್ದ ಕೆಲವೇ ವರ್ಷಗಳಲ್ಲಿ ಬೈಗುಳವಾಯಿತು. ಆಮೇಲೆ ಹಲವರ ಪಾಲಿಗೆ ಬಿರುದೂ ಆಯಿತು. ಕಾರ್ಟೂನ್ ಚಿತ್ರ, ವಿಡಿಯೊ ಆಟ, ಟೆಲಿವಿಷನ್ ಧಾರಾವಾಹಿ ಇವುಗಳಲ್ಲಿ ಮೈಮರೆತು, ಎಷ್ಟನೆಯ ಕಂತಿನಲ್ಲಿ ಯಾವ ಪಾತ್ರ ಯಾವ ಬಣ್ಣದ ಅಂಗಿ ತೊಟ್ಟಿತ್ತೆಂದು ಬಾಯಿಪಾಠ ಒಪ್ಪಿಸುವ ಮಂದಿಗೆ ಈಗ ಒತಾಕುಗಳೆಂದು ಹೆಸರು. ನಾವು ಕನ್ನಡದಲ್ಲಿ ‘ಗೀಳಿನವರು’ ಎನ್ನೋಣ. ನಾನೂ ಆ ಪಂಗಡಕ್ಕೆ ಸೇರಿದವನೇ ಎಂಬುದನ್ನು ವಾಚಕರಿಂದ ಮುಚ್ಚಿಡುವುದಿಲ್ಲ.

ಇವರಿಂದ ಲೋಕಕ್ಕೇನು ಪ್ರಯೋಜನ ಎಂದು ಕೇಳುವ ಗೃಹಸ್ಥರಿದ್ದಾರೆ. ಸಂಗೀತ ಕಚೇರಿಗೆ ಹೋಗಿ ಬಂದವರನ್ನು ಈ ಪ್ರಶ್ನೆ ಯಾರೂ ಕೇಳುವುದಿಲ್ಲವೆಂಬುದು ಹಾಗಿರಲಿ. ಈ ವಿಷಯದ ಚರಿತ್ರೆಯನ್ನು ಹತ್ತಾರು ವರ್ಷ ಕೆದಕಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಮಾಡಿದವರೇ ಮಾಡಿದ ಮರುದಿನ ಕಸವೆಂದು ಬಗೆದ ಒಂದು ಕಲೆ ನಮ್ಮವರೆಗೆ ಬಂದು ತಲಪಿದ್ದರೆ, ಅದು ಬಹುಮಟ್ಟಿಗೆ ಈ ‘ಕೆಲಸವಿಲ್ಲದವರ’ ಕೃಪೆಯಿಂದ.

ಜಪಾನಿನ ಟೆಲಿವಿಷನ್ನಿನಲ್ಲಿ ವಾರವಾರವೂ ಅರ್ಧ ಗಂಟೆಯ ಕಾರ್ಟೂನ್ ಕಥೆ ತೋರಿಸುವ ಪದ್ಧತಿ ನೆಲೆಗೊಂಡದ್ದು 1963ರ ಜನವರಿ 1ರಂದು ಮೊದಲಾದ ‘ತೆತ್ಸುವಾನ್ ಆತೊಮು’ ಎಂಬ ಧಾರಾವಾಹಿಯಿಂದ. ಅದರ ಕರ್ತೃ ತೆಜುಕಾ ಒಸಾಮು, ವೈದ್ಯಶಾಸ್ತ್ರ ಓದಿ ನಾಡಿ ಹಿಡಿಯುವ ಬದಲು ಕುಂಚ ಹಿಡಿದವರು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರ ಓಡುತ್ತವಷ್ಟೆ. ಅಷ್ಟನ್ನೂ ಬರೆದು ವಾರಕ್ಕೊಂದು ಕಂತು ಮುಗಿಸಬೇಕಾದರೆ ಊರಿನ ಚಿತ್ರಕಾರರೆಲ್ಲ ಸೇರಿದರೂ ಸಾಲದು. ತೆಜುಕಾ ಒಂದೇ ಚಿತ್ರವನ್ನು ಮೂರು ಸಲ ಓಡಿಸಿದರು. ಸೆಕೆಂಡಿಗೆ ಎಂಟರಲ್ಲಿ ಕೆಲಸ ಮುಗಿಯಿತು. ಮಾತನಾಡುವಾಗ ತುಟಿ ಮಾತ್ರ ಅಲುಗಿತು, ಮುಖ ಅಲುಗಲಿಲ್ಲ. ಹುಡುಗ ಹಾರುವ ಚಿತ್ರಗಳನ್ನು ಜೋಪಾನವಾಗಿ ತೆಗೆದಿಟ್ಟು, ಮತ್ತೊಂದು ಕಥೆಯಲ್ಲಿ ಅವನನ್ನು ಮತ್ತೆ ಹಾಗೆಯೇ ಹಾರಿಸಿದರು. ಇಷ್ಟಾದರೂ ಖರ್ಚು ಗಿಟ್ಟಲಿಲ್ಲ. ಚಾಕೊಲೇಟಿನ ಡಬ್ಬಿಯ ಜೊತೆ ಸಿಗುತ್ತಿದ್ದ ಆತೊಮನ ಅಂಟುಚಿತ್ರ ಮತ್ತು ಇತರ ಸಾಮಾನುಗಳಿಂದ ಬಂದ ಹಣದಲ್ಲಿ ಕಂದಕ ತುಂಬಬೇಕಾಯಿತು. ಹೀಗೆ 1966ರ ಕೊನೆಯವರೆಗೆ 193 ಕಂತುಗಳು ಬಂದವು. ಚಾಕೊಲೇಟು ಮಾರುವುದಕ್ಕೆಂದು ಹುಟ್ಟಿದ ಕಲೆಗೆ ಚಾಕೊಲೇಟಿನಷ್ಟೇ ಆಯುಸ್ಸು ಎಂದು ಎಲ್ಲರೂ ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆತೊಮ ಫಿಲ್ಮಿನ ಮೇಲಿದ್ದುದರಿಂದ ಉಳಿದುಕೊಂಡ. ವಿಡಿಯೊ ಟೇಪಿನ ಮೇಲೆ ಇದ್ದವುಗಳ ಗತಿ ಬೇರೆ. ಆ ಕಾಲದ ಟೇಪು ಎರಡಂಗುಲ ಅಗಲದ್ದು, ವಿಪರೀತ ದುಬಾರಿ. ಸ್ಲೇಟಿನಂತೆ ಒರಸಿ ಅದರ ಮೇಲೆಯೇ ಮುಂದಿನ ಕಾರ್ಯಕ್ರಮ ಬರೆಯುವುದು ವಾಡಿಕೆ. ಜಪಾನಿನ ಎನ್‌ಎಚ್‌ಕೆ ಸಂಸ್ಥೆ 1964ರಿಂದ 1969ರವರೆಗೆ ಮಕ್ಕಳಿಗಾಗಿ ‘ಹ್ಯೊಕ್ಕೊರಿ ಹ್ಯೋತಾನ್‌ಜಿಮಾ’ ಎಂಬ ಬೊಂಬೆಯಾಟವನ್ನು ಪ್ರಸಾರ ಮಾಡಿತು. ಸೋರೆಬುರುಡೆಯ ಆಕಾರದ ದ್ವೀಪವೊಂದು ಸಮುದ್ರದಲ್ಲಿ ತೇಲುತ್ತ ಹೋಗುವ ಕಥೆ. ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಇನೊವೆ ಹಿಸಾಶಿ ಮುಂದೆ ದೊಡ್ಡ ನಾಟಕಕಾರರೆಂದು ಹೆಸರಾದರು. ಸಾವಿರದಿನ್ನೂರಕ್ಕೂ ಮೀರಿ ಬಂದ ಕಂತುಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು ಮಾತ್ರ, ಮಿಕ್ಕವೆಲ್ಲ ಒರಸಿಹೋದವು.

1991ರಲ್ಲಿ ಅದೇ ಬೊಂಬೆಯಾಟವನ್ನು ಹೊಸದಾಗಿ ಆಡಿಸಲು ಹೊರಟಾಗ, ಕಥೆ ಏನಿತ್ತೆಂದು ತಿಳಿಯಲು ಒದಗಿದ್ದು ಒಂದು ಕಾಲಕ್ಕೆ ಶಾಲಾ ಬಾಲಕನಾಗಿದ್ದ ಒಬ್ಬ ಪ್ರೇಕ್ಷಕನ ನೋಟುಪುಸ್ತಕ. ಪ್ರಸಾರವಾಗುತ್ತಿದ್ದಾಗಲೇ ಆ ಹುಡುಗ ನಡೆದದ್ದನ್ನೆಲ್ಲ ಕೂಲಂಕಷವಾಗಿ ಬರೆದಿಟ್ಟಿದ್ದ. ಯಾವ ಮೇಷ್ಟರೂ ಬರೆಯೆಂದು ಹೇಳಿರಲಿಲ್ಲ. ಯಾವ ಪರೀಕ್ಷೆಗೂ ಅದು ಬರುವಂತಿರಲಿಲ್ಲ. ನೋಡಿದವರೆಲ್ಲ ‘ಈ ಸಮಯದಲ್ಲಿ ನಾಲ್ಕು ಲೆಕ್ಕ ಮಾಡಬಾರದೆ?’ ಎಂದಿರಬೇಕು. ಚರಿತ್ರೆಗೆ ಆಧಾರ ಶಾಸನದಲ್ಲಿದೆ, ತಾಳೆಗರಿಯಲ್ಲಿದೆ ಎಂದು ಓದಿದ ನಾವು, ಹುಡುಗನೊಬ್ಬನ ವಕ್ರ ಅಕ್ಷರದ ನೋಟುಪುಸ್ತಕಕ್ಕೂ ಅಲ್ಲೊಂದು ಮಣೆ ಹಾಕಬೇಕು.

ಇದು ಜಪಾನಿನ ಜಾಯಮಾನವಷ್ಟೇ ಅಲ್ಲ. ಇಂಗ್ಲೆಂಡಿನಲ್ಲಿಯೂ ಇದೇ ಕಥೆ. ಬಿ.ಬಿ.ಸಿ.ಯವರು ‘ಡಾಕ್ಟರ್ ಹೂ’ ಎಂಬ ಧಾರಾವಾಹಿಯ 1960ರ ದಶಕದ ಕಂತುಗಳನ್ನು ರಾಶಿ ರಾಶಿಯಾಗಿ ಅಳಿಸಿಹಾಕಿದರು. ಆ ಪೈಕಿ ಎಷ್ಟೋ ಕಂತುಗಳ ಚಿತ್ರ ಇಂದಿಗೂ ಸಿಕ್ಕಿಲ್ಲ. ಆದರೆ ಧ್ವನಿ ಮಾತ್ರ ಎಲ್ಲ ಕಂತುಗಳದೂ ಇದೆ! ಮನೆಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಹುಡುಗರಿಂದ ಅದು ಉಳಿಯಿತು.

ಜಪಾನಿನ ಗೀಳಿನವರು ಒಂದು ಗುಂಪಾಗಿ ಲೋಕದ ಕಣ್ಣಿಗೆ ಬಿದ್ದದ್ದು ‘ಉಚೂ ಸೆಂಕಾನ್ ಯಾಮಾತೊ’ದಿಂದ. ಯಾಮಾತೊ ಎಂಬುದು 1945ರ ಏಪ್ರಿಲಿನಲ್ಲಿ ಅಮೆರಿಕದ ವಿಮಾನಗಳು ಮುಳುಗಿಸಿದ ಜಪಾನಿನ ಮಹಾ ಯುದ್ಧನೌಕೆ. ಅದೇ ಹಡಗು ಮುಂದೊಂದು ಕಾಲಕ್ಕೆ ಆಕಾಶನೌಕೆಯಾಗಿ ಎದ್ದು, ವಿಕಿರಣದಿಂದ ಸಾಯುತ್ತಿರುವ ಭೂಮಿಗೆ ಸಂಜೀವಿನಿಯಂಥ ಯಂತ್ರವೊಂದನ್ನು ತರಲು ಒಂದು ಲಕ್ಷ ನಲವತ್ತೆಂಟು ಸಾವಿರ ಜ್ಯೋತಿರ್ವರ್ಷ ದೂರಕ್ಕೆ ಹೊರಡುತ್ತದೆ. ಹಿಂದಿರುಗಲು ಗಡುವು ಒಂದು ವರ್ಷ. ಸೋತ ದೇಶದ ಮಕ್ಕಳಿಗೆ ಈ ಕಥೆ ಏನು ಹೇಳಿತೆಂದು ಊಹಿಸುವುದು ಕಷ್ಟವಲ್ಲ. ಅದರಲ್ಲಿ ಹಳೆಯ ಸೇನಾಭಿಮಾನದ ವಾಸನೆ ಇದೆಯೆಂದು ಮೂಗು ಮುರಿದವರೂ ಉಂಟು.

1974ರ ಅಕ್ಟೋಬರಿನಲ್ಲಿ ಅದು ಶುರುವಾದಾಗ, ಅದೇ ಭಾನುವಾರ ಸಂಜೆ ಅದೇ ವೇಳೆಗೆ ಇನ್ನೊಂದು ಕೇಂದ್ರದಲ್ಲಿ ಆಲ್ಪ್ಸ್ ಬೆಟ್ಟದ ಹುಡುಗಿ ‘ಹೈಡಿ’ಯ ಕಥೆ ಬರುತ್ತಿತ್ತು. ತಾಕಾಹಾತಾ ಇಸಾವೊ ಅದರ ನಿರ್ದೇಶಕರು. ಮುಂದೆ ಜಗತ್ಪ್ರಸಿದ್ಧರಾದ ಮಿಯಾಜಾಕಿ ಹಯಾವೊ ಅವರ ಬಲಗೈ. ಮೇಕೆ, ಹುಲ್ಲುಗಾವಲು, ಕಾಯಿಸಿದ ಚೀಸು ಇವುಗಳ ಮುಂದೆ ಯುದ್ಧನೌಕೆ ಸೋತಿತು. 39 ಕಂತಿನ ಯೋಜನೆ 26ಕ್ಕೆ ಮುಗಿಯಿತು. ಅಲ್ಲಿಗೆ ಆ ಹಡಗು ಎರಡನೆಯ ಸಲ ಮುಳುಗಬೇಕಿತ್ತು. ಆದರೆ ನೋಡಿದ ಕೆಲವು ಹರೆಯದವರು ಬಿಡಲೊಲ್ಲರು. ಮರುಪ್ರಸಾರಕ್ಕೆ ಬೇಡಿಕೆ ಸಲ್ಲಿಸಿದರು. ಸಂಘಗಳನ್ನು ಕಟ್ಟಿ ಕೈಬರಹದ ಪತ್ರಿಕೆ ಹಂಚಿದರು. 1977ರ ಆಗಸ್ಟಿನಲ್ಲಿ ಹಳೆಯ ಕಂತುಗಳನ್ನೇ ಕತ್ತರಿಸಿ ಜೋಡಿಸಿದ ಸಿನಿಮಾ ಬಿಡುಗಡೆಯಾದಾಗ, ತೋಕ್ಯೊ ನಗರದ ಚಿತ್ರಮಂದಿರಗಳ ಮುಂದೆ ಹಿಂದಿನ ರಾತ್ರಿಯೇ ಸಾಲು ನಿಂತಿತು. ಸಾಲಿನಲ್ಲಿದ್ದವರು ಮಕ್ಕಳಲ್ಲ, ಹೈಸ್ಕೂಲು ಕಾಲೇಜಿನವರು. ಕಾರ್ಟೂನು ಮಕ್ಕಳ ಮಿಠಾಯಿ ಎಂದು ನಂಬಿದ್ದ ವ್ಯಾಪಾರಿಗಳು ಕಣ್ಣುಜ್ಜಿಕೊಂಡರು. ಮಾರನೆಯ ವರ್ಷವೇ ‘ಅನಿಮೇಜ್’ ಎಂಬ ಮಾಸಪತ್ರಿಕೆ ಹೊರಟಿತು.

‘ಗುಂಡಮ್’ ಕಥೆಯೂ ಹೀಗೆಯೇ. 1979ರಲ್ಲಿ ತೊಮಿನೊ ಯೊಶಿಯುಕಿ ನಿರ್ದೇಶಿಸಿದ ಈ ಧಾರಾವಾಹಿಯಲ್ಲಿ ಶತ್ರುಗಳೂ ಮನುಷ್ಯರೇ, ಅವರಿಗೂ ತಾಯಿತಂದೆಗಳುಂಟು. ಹಣ ಹಾಕಿದ್ದ ಆಟಿಕೆ ಕಂಪನಿಗೆ ಇದು ರುಚಿಸಲಿಲ್ಲವೋ, ಆಟಿಕೆ ಮಾರಾಟವಾಗಲಿಲ್ಲವೋ, 52 ಆಗಬೇಕಾದದ್ದು 43ನೆಯ ಕಂತಿಗೆ ಮಂಗಳ ಹಾಡಿತು. ಅಭಿಮಾನಿಗಳ ಒತ್ತಾಯದ ಜೊತೆಗೆ, 1980ರಲ್ಲಿ ಬಂದಾಯಿ ಕಂಪನಿ ತಂದ ಪ್ಲಾಸ್ಟಿಕ್ ಮಾದರಿಗಳೂ ಸೇರಿ ಅದನ್ನು ಎಬ್ಬಿಸಿದವು. 1981ರ ಫೆಬ್ರವರಿ 22ರಂದು, ಸಿನಿಮಾ ಬಿಡುಗಡೆಗೆ ಮುಂಚೆ, ಶಿಂಜುಕು ರೈಲ್ವೆ ನಿಲ್ದಾಣದ ಎದುರು ಸಾವಿರಾರು ತರುಣರು ಸೇರಿದರು. ಅನಿಮೆಯ ಹೊಸ ಶತಮಾನ ಆರಂಭವಾಯಿತೆಂದು ಅಲ್ಲಿ ಘೋಷಣೆಯನ್ನೇ ಓದಲಾಯಿತು. ಹರೆಯದವರ ಆರ್ಭಟ ಸ್ವಲ್ಪ ಹೆಚ್ಚೇ ಆಯಿತೆನ್ನಿ.

ಇದಕ್ಕೆಲ್ಲ ಒತ್ತಾಸೆಯಾಗಿ ಬಂದದ್ದು ಮನೆಯಲ್ಲಿಡುವ ವಿಡಿಯೊ ರೆಕಾರ್ಡರ್. 1975ರಲ್ಲಿ ಸೋನಿ ಕಂಪನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್. ಅಲ್ಲಿಯವರೆಗೆ ಟೆಲಿವಿಷನ್ ಎಂದರೆ ಹೊಳೆಯ ನೀರು, ಕಂಡದ್ದು ಕಂಡಷ್ಟೆ. ಈಗ ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ಹುಡುಗರು ಒಂದೊಂದೇ ಚಿತ್ರವಾಗಿ ನೋಡತೊಡಗಿದಾಗ, ಒಂದೇ ಕಂತಿನಲ್ಲಿ ಕೈ ಬದಲಾಗುವುದು ಗೊತ್ತಾಯಿತು. ಇಲ್ಲಿ ಸ್ಫೋಟದ ಜ್ವಾಲೆ ಹೀಗೆ ಸೊಟ್ಟಾಗಿ ಹಾರುತ್ತದೆ, ಇದು ಕಾನಾದಾ ಯೊಶಿನೊರಿಯ ಕೈ ಎಂದು ಗುರುತು ಹಿಡಿದರು. ಹೆಸರಿಲ್ಲದ ಕೂಲಿ ಚಿತ್ರಕಾರನಿಗೆ ಹೀಗೆ ರಸಿಕರು ಹುಟ್ಟಿಕೊಂಡರು. ನನ್ನ ಮಟ್ಟಿಗೆ ಹೇಳುವುದಾದರೆ, ವಿಮರ್ಶೆ ಹುಟ್ಟಿದ್ದೇ ಆಗ.

ನೋಡಿದವರು ಸುಮ್ಮನೆ ನೋಡುತ್ತ ಕೂರಲಿಲ್ಲ. 1981ರಲ್ಲಿ ಒಸಾಕಾದಲ್ಲಿ ವೈಜ್ಞಾನಿಕ ಕಥಾಪ್ರಿಯರ ಸಮ್ಮೇಳನ ನಡೆದಾಗ, ಅದರ ಪ್ರಾರಂಭಕ್ಕೆಂದು ಕೆಲವು ವಿದ್ಯಾರ್ಥಿಗಳು ಕೈಯಿಂದಲೇ ಕೆಲವು ನಿಮಿಷಗಳ ಕಾರ್ಟೂನ್ ಚಿತ್ರ ತಯಾರಿಸಿದರು. ಆ ಗುಂಪಿನಿಂದಲೇ 1984ರಲ್ಲಿ ‘ಗೈನಾಕ್ಸ್’ ಕಂಪನಿ ಹುಟ್ಟಿತು. ಅವರಲ್ಲೊಬ್ಬರಾದ ಆನ್ನೊ ಹಿದೆಯಾಕಿ 1995ರಲ್ಲಿ ‘ಎವಾಂಗೆಲಿಯನ್’ ನಿರ್ದೇಶಿಸಿ ಒಂದು ತಲೆಮಾರನ್ನೇ ನಿದ್ದೆಗೆಡಿಸಿದರು.

ಬೈಗುಳ ಹುಟ್ಟಿದ್ದು ಇವೆರಡರ ನಡುವೆ. ಗೀಳಿನವರು ತಮ್ಮತಮ್ಮಲ್ಲೇ ವಿಪರೀತ ಮರ್ಯಾದೆಯಿಂದ ‘ಒತಾಕು, ಒತಾಕು’ ಎಂದು ಮಾತನಾಡಿಸಿಕೊಳ್ಳುತ್ತಿದ್ದರಂತೆ. 1983ರಲ್ಲಿ ನಾಕಾಮೊರಿ ಆಕಿಯೊ ಎಂಬ ಲೇಖಕ ಅದನ್ನೇ ಹಿಡಿದು, ಎಣ್ಣೆಗೂದಲಿನವರು, ಅಮ್ಮ ತಂದ ಅಂಗಿ ತೊಡುವವರು ಎಂಬ ಧಾಟಿಯಲ್ಲಿ ಹಂಗಿಸಿ ಬರೆದ. ಅಚ್ಚಾದದ್ದು ಆ ಜನರೇ ಓದುವ ಪತ್ರಿಕೆಯಲ್ಲಿ! ಲೇಖನಮಾಲೆ ಕೆಲವೇ ಕಂತಿಗೆ ನಿಂತಿತು, ಹೆಸರು ನಿಲ್ಲಲಿಲ್ಲ. 1989ರಲ್ಲಿ ನಾಲ್ವರು ಪುಟ್ಟ ಹೆಣ್ಣುಮಕ್ಕಳನ್ನು ಕೊಂದವನೊಬ್ಬ ಸಿಕ್ಕಿಬಿದ್ದ. ಅವನ ಕೋಣೆಯಲ್ಲಿದ್ದ 5,700ಕ್ಕೂ ಮೀರಿದ ವಿಡಿಯೊ ಟೇಪುಗಳನ್ನು ಇಡೀ ದೇಶ ಟೆಲಿವಿಷನ್ನಿನಲ್ಲಿ ನೋಡಿತು. ಅಂದಿನಿಂದ ಬಹುಕಾಲ, ಮನೆಯಲ್ಲಿ ಟೇಪಿನ ರಾಶಿಯಿಟ್ಟುಕೊಂಡ ಸಾಧುಪ್ರಾಣಿಗಳೂ ನೆರೆಹೊರೆಯ ಕಣ್ಣಿಗೆ ಅಪರಾಧಿಗಳಾದರು. ಅದೇ ಎನ್‌ಎಚ್‌ಕೆ ಈಚಿನ ವರ್ಷಗಳಲ್ಲಿ, ತಾನು ಅಳಿಸಿದ ಕಾರ್ಯಕ್ರಮಗಳ ಟೇಪು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕೊಡಿ ಎಂದು ಪ್ರೇಕ್ಷಕರನ್ನು ಬೇಡತೊಡಗಿದೆ.

ನಮ್ಮ ದೇಶಕ್ಕೆ ಈ ನೀರು ಹರಿದು ಬಂದದ್ದು ನಮಗೆ ತಿಳಿಯದಂತೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ‘ಜಂಗಲ್ ಬುಕ್’ ಬರುತ್ತಿತ್ತು. ಗುಲ್ಜಾರರ ಶೀರ್ಷಿಕೆ ಗೀತೆ, ಹಿಂದಿ ಮಾತು. ಹಿಂದಿ ಬಾರದ ನಾವೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ನಾನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಪ್ರತಿ ವಾರದ ಕಥೆ ಬರೆದುಕೊಳ್ಳುತ್ತಿದ್ದೆ. ‘ಅದನ್ನೇನೋ ಬರೀತೀಯ, ಶ್ರಾದ್ಧದ ಲೆಕ್ಕದ ಹಾಗೆ’ ಎಂದು ಅಜ್ಜಿ ನಗುತ್ತಿದ್ದಳು. ಮೋಗ್ಲಿಯನ್ನು ಬರೆದವರು ಜಪಾನೀಯರು, ಅದೂ ಹೈಡಿಯನ್ನು ಮಾಡಿದ ಮನೆತನದ ಕಂಪನಿಯವರೇ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಸಾಕೊ ಯೂಗೊ ಎಂಬ ಜಪಾನೀಯರು ನಮ್ಮ ರಾಮ ಮೋಹನರ ಜೊತೆಗೂಡಿ 1992ರಲ್ಲಿ ಮುಗಿಸಿದ ರಾಮಾಯಣದ ಚಿತ್ರವನ್ನು, ಅದು ಬಂದ ಕಾಲದಲ್ಲಿ ಚಿತ್ರಮಂದಿರದಲ್ಲಿ ಕಂಡವರು ವಿರಳ. ಟೀವಿಯಲ್ಲಿ ಕಂಡ ಮಕ್ಕಳು ಮರೆಯಲಿಲ್ಲ. ಅವರು ದೊಡ್ಡವರಾದ ಮೇಲೆ, 2025ರ ಜನವರಿಯಲ್ಲಿ, ಅದು ಹೊಸ ಹೊಳಪಿನಿಂದ ನಮ್ಮ ಚಿತ್ರಮಂದಿರಗಳಿಗೆ ಬಂದಿತು.

ವಿಡಿಯೊ ಆಟದ ಮಾತು ಇನ್ನೂ ಸೂಕ್ಷ್ಮ. 1978ರಲ್ಲಿ ತಾಯಿತೊ ಕಂಪನಿಯ ನಿಶಿಕಾದೊ ತೊಮೊಹಿರೊ ಹೆಚ್ಚುಕಡಿಮೆ ಒಬ್ಬರೇ ಕುಳಿತು ‘ಸ್ಪೇಸ್ ಇನ್‌ವೇಡರ್ಸ್’ ಮಾಡಿದರು. ಶತ್ರುಗಳು ಕಡಮೆಯಾದಷ್ಟೂ ಉಳಿದವರು ಬಿರುಸಾಗಿ ನುಗ್ಗುತ್ತಾರೆ. ಆಟದ ಪ್ರಾಣವೇ ಅದು. ಅದು ಬೇಕೆಂದು ಮಾಡಿದ್ದಲ್ಲ. ಆ ಕಾಲದ ಯಂತ್ರಕ್ಕೆ ಅಷ್ಟೊಂದು ಆಕೃತಿಗಳನ್ನು ಎಳೆಯುವುದು ಭಾರವಾಗಿ, ಸಂಖ್ಯೆ ಇಳಿದಂತೆ ವೇಗ ತಾನಾಗಿ ಏರುತ್ತಿತ್ತು. ನಿಶಿಕಾದೊ ಅದನ್ನು ಹಾಗೆಯೇ ಬಿಟ್ಟರು. (ಈ ಆಟದಿಂದ ಜಪಾನಿನಲ್ಲಿ ನೂರು ಯೆನ್ ನಾಣ್ಯಕ್ಕೆ ಬರ ಬಂತೆಂಬುದು ಪುರಾಣ, ಹೇಳಲು ಚೆಂದ, ಅಷ್ಟೆ.) ಯಂತ್ರ ಹಾಳಾದರೆ ಈ ಗುಣವೂ ಹೋಗುತ್ತದೆ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಹಳೆಯ ಯಂತ್ರಗಳನ್ನು ಕಂಪ್ಯೂಟರಿನೊಳಗೆ ಅನುಕರಿಸುವ ‘ಮೇಮ್’ ಎಂಬುದನ್ನು ಆರಂಭಿಸಿದರು. ಅಂದಿನಿಂದ ಎಷ್ಟೋ ಜನ ಗೀಳಿನವರು ಸಂಬಳವಿಲ್ಲದೆ ಅದಕ್ಕೆ ದುಡಿದಿದ್ದಾರೆ. ಕಂಪನಿಗಳ ದೃಷ್ಟಿಯಲ್ಲಿ ಇದು ಕಳ್ಳತನಕ್ಕೆ ಹತ್ತಿರ. ಆದರೆ ಹಳೆಯ ಆಟಗಳಲ್ಲಿ ನೂರಕ್ಕೆ 87 ಇಂದು ಅಮೆರಿಕದ ಯಾವ ಅಂಗಡಿಯಲ್ಲೂ ಹೊಸದಾಗಿ ಸಿಗುವುದಿಲ್ಲವೆಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಮಾರುವವನೂ ಮಾರುವುದಿಲ್ಲ, ಇಟ್ಟುಕೊಳ್ಳುವವನನ್ನೂ ಇಟ್ಟುಕೊಳ್ಳಗೊಡುವುದಿಲ್ಲ ಎಂದರೆ ಹೇಗೆ?

ಈಗಂತೂ ಟೇಪಿಲ್ಲ, ಡಬ್ಬಿಯಿಲ್ಲ. ಆಟ ತಂತಿಯ ಮೇಲೆ ಬಂದು ಯಂತ್ರದಲ್ಲಿ ಕೂರುತ್ತದೆ. ನಿಂಟೆಂಡೊ ಕಂಪನಿ 2023ರ ಮಾರ್ಚ್ 27ರಂದು ತನ್ನ ಎರಡು ಹಳೆಯ ಯಂತ್ರಗಳ ಅಂತರ್ಜಾಲದ ಅಂಗಡಿಗೆ ಬೀಗ ಹಾಕಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಆ ಮೇಲೆ ಕೊಳ್ಳಲು ದಾರಿಯಿರಲಿಲ್ಲ. ಅದಕ್ಕೆ ಮುಂಚಿನ ಒಂದು ವರ್ಷದ ಉದ್ದಕ್ಕೂ ಅಮೆರಿಕದ ಗೀಳಿನವನೊಬ್ಬ ಆ ಅಂಗಡಿಯ ಆಟಗಳನ್ನೆಲ್ಲ ಒಂದೂ ಬಿಡದೆ ಕೊಳ್ಳುತ್ತ ಕುಳಿತಿದ್ದ. ಬಾಗಿಲು ಮುಚ್ಚುವ ವೇಳೆಗೆ ಲೆಕ್ಕ 2,400 ದಾಟಿತ್ತು. ಖರ್ಚು 22,791 ಡಾಲರು. ಎಲ್ಲವನ್ನೂ ಆ ಹಿಸ್ಟರಿ ಫೌಂಡೇಷನ್ನಿಗೇ ಕೊಡುವುದಾಗಿ ಅವನು ಹೇಳಿದ.