ಗಣಕದೊಳಗೆ ಹೊನ್ನವಳ್ಳಿ: ಕನ್ನಡ ಲಿಪಿಯ ನಿಯಮಗಳು ನೆಲೆಗೊಂಡ ಚರಿತ್ರೆ

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಒಂದು ಹೋಬಳಿ ಕೇಂದ್ರ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳನ್ನೊಳಗೊಂಡ ತೆಂಗಿನ ಸೀಮೆಯ ಊರು. ಈ ಊರಿನ ಹೆಸರನ್ನು ಕಾಗದದ ಮೇಲೆ ಬರೆದಾಗ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ: ಹೊ, ನ್ನ, ವ, ಳ್ಳಿ. ಅದೇ ಹೆಸರು ಯುನಿಕೋಡ್ ಶಿಷ್ಟತೆಗನುಗುಣವಾಗಿ ಗಣಕದ ಸ್ಮೃತಿಯನ್ನು ಸೇರಿದಾಗ ಹತ್ತು ಸಂಕೇತಗಳಾಗುತ್ತದೆ: ಹಕಾರ, ಒಕಾರದ ಚಿಹ್ನೆ, ನಕಾರ, ವಿರಾಮ, ನಕಾರ, ವಕಾರ, ಳಕಾರ, ವಿರಾಮ, ಳಕಾರ, ಇಕಾರದ ಚಿಹ್ನೆ. ಕೊನೆಯ ಇಕಾರವು ಸ್ಮೃತಿಯಲ್ಲಿ ಎರಡನೆಯ ಳಕಾರದ ನಂತರ ಬರುತ್ತದೆ. ತೆರೆಯ ಮೇಲಾದರೋ ಮೊದಲನೆಯ ಳಕಾರದ ತಲೆಯ ಮೇಲೆ ಕೂರುತ್ತದೆ, ಎರಡನೆಯದು ಕೆಳಗಿಳಿದು ಒತ್ತಕ್ಷರವಾಗುತ್ತದೆ. ಹತ್ತು ಸಂಕೇತಗಳು ನಾಲ್ಕು ಅಕ್ಷರಗಳಾಗಿ ಮೂಡಬೇಕಾದರೆ ನಡುವೆ ಯಾರೋ ಒಬ್ಬರು ಕನ್ನಡದ ಕಾಗುಣಿತ ಮತ್ತು ಒತ್ತಿನ ನಿಯಮಗಳನ್ನು ಯಂತ್ರಕ್ಕೆ ತಿಳಿಸಿರಬೇಕು. ಆ ನಿಯಮಗಳು ತಂತ್ರಾಂಶದ ಯಾವ ಭಾಗದಲ್ಲಿ ನೆಲೆಸಿವೆ, ಅವುಗಳನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯೇ ಪ್ರಸ್ತುತ ಪ್ರಬಂಧದ ವಸ್ತು. ಗಣಕದಲ್ಲಿ ಕನ್ನಡದ ಚರಿತ್ರೆಯನ್ನು ಸಾಮಾನ್ಯವಾಗಿ ತಂತ್ರಾಂಶಗಳ ಹೆಸರುಗಳ ಮೂಲಕ ಹೇಳಲಾಗುತ್ತದೆ. ಇಲ್ಲಿ ಅದನ್ನು ನಿಯಮಗಳು ನೆಲೆ ಬದಲಿಸಿದ ಚರಿತ್ರೆಯಾಗಿ ನೋಡಲು ಯತ್ನಿಸಲಾಗಿದೆ.

೧. ಎರಡು ಬಗೆಯ ಬರವಣಿಗೆ

ತಂತ್ರಾಂಶವನ್ನು ಬರೆಯುವ ಕ್ರಮಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಿ, ಸಿ ಪ್ಲಸ್ ಪ್ಲಸ್ ಮೊದಲಾದ ಭಾಷೆಗಳಲ್ಲಿ ಬರೆದುದನ್ನು ಕಂಪೈಲರ್ ಎಂಬ ಸಾಧನವು ಒಮ್ಮೆಗೇ ಯಂತ್ರಸಂಕೇತಕ್ಕೆ ಪರಿವರ್ತಿಸುತ್ತದೆ. ಹೀಗೆ ಸಿದ್ಧವಾದುದು ವೇಗವಾಗಿ ನಡೆಯುತ್ತದೆ, ಆದರೆ ಬಳಸುವವನು ಅದನ್ನು ಓದಲಾರ. ತೆಂಗಿನ ಸೀಮೆಯವರಿಗೆ ಇದನ್ನು ಉಂಡೆ ಕೊಬ್ಬರಿಯ ಉದಾಹರಣೆಯಿಂದ ಹೇಳಬಹುದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೆಂದು ಸದ್ದಿನಿಂದ ತಿಳಿಯುತ್ತದೆ. ಅದನ್ನು ಕಣ್ಣಾರೆ ನೋಡಬೇಕಾದರೆ ಚಿಪ್ಪು ಒಡೆಯಲೇಬೇಕು. ಸ್ಕ್ರಿಪ್ಟ್ ಭಾಷೆಗಳ ರೀತಿ ಬೇರೆ. ಅವುಗಳಲ್ಲಿ ಬರೆದುದು ಓದಬಲ್ಲ ಪಠ್ಯವಾಗಿಯೇ ಉಳಿಯುತ್ತದೆ; ನಡೆಸುವ ಹೊತ್ತಿಗೆ ಇಂಟರ್‌ಪ್ರಿಟರ್ ಎಂಬ ವ್ಯಾಖ್ಯಾತೃ ಅದನ್ನು ಓದಿ ಕಾರ್ಯಗತಗೊಳಿಸುತ್ತದೆ.

ಈ ಎರಡನ್ನೂ ಕೂಡಿಸುವ ಪದ್ಧತಿಯೇ ಅಂತರ್ಗತ ಸ್ಕ್ರಿಪ್ಟ್ ಭಾಷೆ. ಕಂಪೈಲ್ ಆದ ದೊಡ್ಡ ತಂತ್ರಾಂಶದೊಳಗೆ ಒಂದು ಪುಟ್ಟ ವ್ಯಾಖ್ಯಾತೃವನ್ನು ಇರಿಸಿ, ಪದೇ ಪದೇ ಬದಲಾಗುವ ಸಂಗತಿಗಳನ್ನು ಹೊರಗಿನ ಸ್ಕ್ರಿಪ್ಟ್ ಕಡತಕ್ಕೆ ಬಿಡಲಾಗುತ್ತದೆ. ಸ್ಕ್ರಿಪ್ಟಿಗೆ ಯಾವ ಯಾವ ಕೆಲಸಗಳನ್ನು ಮಾಡಲು ಬಿಡಬೇಕೆಂಬುದನ್ನು ಆತಿಥೇಯ ತಂತ್ರಾಂಶವೇ ನಿರ್ಧರಿಸುತ್ತದೆ. ೧೯೮೫ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಹೊರತಂದ ಗ್ನೂ ಈಮ್ಯಾಕ್ಸ್ ಈ ಪದ್ಧತಿಯ ಪ್ರಸಿದ್ಧ ನಿದರ್ಶನ. ಅದರ ತಿರುಳು ಸಿ ಭಾಷೆಯದು, ಉಳಿದ ಬಹುಭಾಗ ಲಿಸ್ಪ್ ಭಾಷೆಯದು. ೧೯೮೮ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಔಸ್ಟರ್‌ಹೌಟ್ ಟಿಕಲ್ ಭಾಷೆಯನ್ನು ಇದೇ ಉದ್ದೇಶದಿಂದ ರೂಪಿಸಿದರು. ೧೯೯೩ರಲ್ಲಿ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ರೊಬೆರ್ಟೊ ಯೆರುಸಲಿಮ್ಸ್ಕಿ, ವಾಲ್ಡೆಮಾರ್ ಸೆಲೆಸ್, ಲೂಯಿಸ್ ಎನ್ರಿಕೆ ಡಿ ಫಿಗೆರೆದೊ ಲುವಾ ಭಾಷೆಯನ್ನು ರಚಿಸಿದರು. ಬ್ರೆಜಿಲಿನ ತೈಲಸಂಸ್ಥೆ ಪೆಟ್ರೊಬ್ರಾಸ್‌ಗಾಗಿ ಸಿದ್ಧಪಡಿಸಿದ್ದ ಎರಡು ಕಿರುಭಾಷೆಗಳು ಅದರ ಪೂರ್ವಜರು. ಅವುಗಳಲ್ಲಿ ಒಂದರ ಹೆಸರು ಪೋರ್ಚುಗೀಸಿನಲ್ಲಿ ಸೂರ್ಯನೆಂಬರ್ಥದ 'ಸೋಲ್'. ಹಾಗಾಗಿ ಅದರ ಉತ್ತರಾಧಿಕಾರಿಗೆ ಚಂದ್ರನೆಂಬರ್ಥದ 'ಲುವಾ' ಎಂಬ ಹೆಸರು ಬಂತು. ಪರದೇಶದ ತಂತ್ರಾಂಶಗಳ ಆಮದಿಗೆ ಅಡೆತಡೆಗಳಿದ್ದ ಕಾಲದ ಆ ದೇಶದಲ್ಲಿ ಸ್ಥಳೀಯ ಅಗತ್ಯಕ್ಕೆ ಸ್ಥಳೀಯರೇ ಕಂಡುಕೊಂಡ ಪರಿಹಾರವಿದು ಎಂಬುದು ಗಮನಾರ್ಹ.

೨. ನಿಯಮಗಳು ಚಿಪ್ಪಿನೊಳಗಿದ್ದ ಕಾಲ

ಭಾರತೀಯ ಲಿಪಿಗಳ ನಿಯಮಗಳು ಮೊದಲು ನೆಲೆಗೊಂಡುದು ಯಂತ್ರಾಂಶದಲ್ಲಿ. ೧೯೮೦ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಬೆಳೆದು, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಮೂಲಕ ಬಳಕೆಗೆ ಬಂದ ಜಿಸ್ಟ್ ತಂತ್ರಜ್ಞಾನವು ಗಣಕಕ್ಕೆ ಸಿಕ್ಕಿಸುವ ಕಾರ್ಡಿನ ರೂಪದಲ್ಲಿ ದೊರೆಯುತ್ತಿತ್ತು. ಒತ್ತು ಎಲ್ಲಿ ಬೀಳಬೇಕೆಂಬುದನ್ನು ಆ ಕಾರ್ಡೇ ತೀರ್ಮಾನಿಸುತ್ತಿತ್ತು. ೧೯೯೧ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಸ್ಕಿ ಎಂಬ ಸಂಕೇತ ಶಿಷ್ಟತೆಯನ್ನು ಪ್ರಕಟಿಸಿತು. ಉಚ್ಚಾರಣೆಯ ಕ್ರಮದಲ್ಲಿ ಅಕ್ಷರಗಳನ್ನು ಕೂಡಿಡುವ ಅದರ ತತ್ತ್ವ ಶಾಸ್ತ್ರೀಯವಾಗಿತ್ತು.

ಆದರೆ ಅಚ್ಚಿನ ಮನೆಗಳಲ್ಲಿ ಹಾಗೂ ಕಚೇರಿಗಳಲ್ಲಿ ವ್ಯಾಪಕವಾದುದು ಬೇರೊಂದು ದಾರಿ. ಕನ್ನಡದ ಆಕೃತಿಗಳನ್ನು ಬಿಡಿ ತುಣುಕುಗಳಾಗಿ ಒಡೆದು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳು ಬಂದವು. ತಲಕಟ್ಟಿಲ್ಲದ ನಕಾರ ಒಂದು ತುಣುಕು, ತಲಕಟ್ಟು ಇನ್ನೊಂದು, ನಕಾರದ ಒತ್ತು ಮತ್ತೊಂದು. ಇವುಗಳಲ್ಲಿ 'ಹೊನ್ನವಳ್ಳಿ'ಯ ಕೊನೆಯ ಅಕ್ಷರ 'ಳಿ' ಎಂಬ ಇಡಿಯ ತುಣುಕಾಗಿ ಮೊದಲು ಬಂದು, ಅದರ ಒತ್ತು ಆಮೇಲೆ ಬರುತ್ತಿತ್ತು. ಅಂದರೆ ಕಡತದಲ್ಲಿ ಉಳಿಯುತ್ತಿದ್ದುದು ಕನ್ನಡದ ಉಚ್ಚಾರಣೆಯಲ್ಲ, ಅದರ ಚಿತ್ರ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಅರ್ಥಹೀನ ಪರಕೀಯ ಚಿಹ್ನೆಗಳ ಸಾಲು.

ಈ ಕಾಲದ ಸಾಧನೆಗಳನ್ನು ಕಿರಿದುಗೊಳಿಸುವಂತಿಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವು ಕನ್ನಡದ ಧ್ವನಿಕ್ರಮವನ್ನೇ ಅನುಸರಿಸಿತು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ೧೯೯೮ರಲ್ಲಿ ಬಂದು ಮನೆಮನೆಯ ಗಣಕಗಳಲ್ಲಿ ಕನ್ನಡವನ್ನು ಸುಲಭಗೊಳಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶ ರಾಜ್ಯ ಸರ್ಕಾರದ ಕಚೇರಿಗಳಲ್ಲಿ ನೆಲೆಯೂರಿತು. ಇದೇ ಹೊತ್ತಿಗೆ, ೨೦೦೦ದ ದಶಕದ ಆರಂಭದಲ್ಲಿ, 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳು ಗಣಕೀಕೃತಗೊಂಡವು. ರೈತನ ಮತ್ತು ಊರಿನ ಹೆಸರು ಯಂತ್ರದ ಸ್ಮೃತಿಗೆ ಸೇರಿದುವು. ಕನ್ನಡದ ಅಕ್ಷರ ಸರಿಯಾಗಿ ಮೂಡುವುದು, ಹುಡುಕಿದಾಗ ಸಿಗುವುದು ಆ ಬಳಿಕ ಕೇವಲ ಸಾಹಿತ್ಯದ ಅಗತ್ಯವಾಗಿ ಉಳಿಯಲಿಲ್ಲ. ಆದರೆ ತುಣುಕುಗಳನ್ನು ಜೋಡಿಸುವ ನಿಯಮಗಳು ಕಂಪೈಲ್ ಆದ ತಂತ್ರಾಂಶಗಳೊಳಗೇ ಇದ್ದುವು. ಒಂದು ಒತ್ತು ತಪ್ಪಾಗಿ ಬಿದ್ದರೆ ವೈಯಾಕರಣನಾಗಲಿ ಅಚ್ಚುಮೊಳೆ ಜೋಡಿಸಿ ಪಳಗಿದವನಾಗಲಿ ಅದನ್ನು ತಿದ್ದಲಾರ. ತಯಾರಕರ ಮುಂದಿನ ಆವೃತ್ತಿಗೆ ಕಾಯಬೇಕು.

೩. ಎಂಜಿನ್ ಮತ್ತು ಫಾಂಟಿನ ನಡುವಣ ಹಂಚಿಕೆ

೧೯೯೧ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಅದರ ವ್ಯವಸ್ಥೆ ಇಸ್ಕಿಯನ್ನು ಆಧರಿಸಿತ್ತು. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಫಾಂಟಿನೊಡನೆ ಯುನಿಕೋಡ್ ಕನ್ನಡವನ್ನು ಸಾಮಾನ್ಯ ಬಳಕೆದಾರರಿಗೆ ತಲುಪಿಸಿತು. ಇದರ ಹಿಂದಿದ್ದ ಓಪನ್‌ಟೈಪ್ ಪದ್ಧತಿಯಲ್ಲಿ ನಿಯಮಗಳು ಎರಡು ಪಾಲಾದುವು. ಸಂಕೇತಗಳ ಸ್ಥಾನಪಲ್ಲಟ, ಅರ್ಕಾವೊತ್ತಿನ ಗುರುತಿಸುವಿಕೆ ಮೊದಲಾದುವು ಯುನಿಸ್ಕ್ರೈಬ್ ಎಂಬ ಕಂಪೈಲ್ ಆದ ಎಂಜಿನ್ನಿನ ಪಾಲಿಗೆ. 'ಕರ್ನಾಟಕ' ಎಂಬಲ್ಲಿ ಮೊದಲು ಉಚ್ಚರಿಸುವ ರೇಫೆ 'ನಾ'ದ ನಂತರ ಅರ್ಕಾವೊತ್ತಾಗಿ ಕಾಣಿಸಿಕೊಳ್ಳುವುದು ಈ ಎಂಜಿನ್ನಿನಿಂದ. ಯಾವ ಸಂಯೋಗಕ್ಕೆ ಯಾವ ಆಕೃತಿ ಎಂಬುದು ಫಾಂಟಿನೊಳಗಿನ ಕೋಷ್ಟಕಗಳ ಪಾಲಿಗೆ. ಇವು ಪೂರ್ಣಪ್ರಮಾಣದ ಸ್ಕ್ರಿಪ್ಟ್ ಭಾಷೆಯಲ್ಲ. ಆದರೂ ಎಂಜಿನ್ ಓದಿ ನಡೆಸುವ ನಿಯಮಗಳು. ಇದರಿಂದ ಕನ್ನಡದ ಅಕ್ಷರ ವಿನ್ಯಾಸಕಾರನ ಕೈಗೆ ಮೊದಲ ಬಾರಿಗೆ ಒಂದಿಷ್ಟು ಅಧಿಕಾರ ಬಂತು.

ಎಂಜಿನ್ನಿನೊಳಗಿನ ಪಾಲು ಮಾತ್ರ ಮೊದಲಿನಂತೆಯೇ ಉಳಿಯಿತು. ಮುಂದೆ ಅದರ ನಿಯಮಗಳನ್ನು ಪರಿಷ್ಕರಿಸಬೇಕಾಗಿ ಬಂದಾಗ ಹಳೆಯ ಫಾಂಟುಗಳು ಕೆಡದಂತೆ ನೋಡಿಕೊಳ್ಳಲು ಕನ್ನಡ ಲಿಪಿಗೇ ಎರಡನೆಯ ಗುರುತುಪಟ್ಟಿ ಕೊಡಬೇಕಾಯಿತು. 'ಕೆಎನ್‌ಡಿಎ' ಮತ್ತು 'ಕೆಎನ್‌ಡಿ೨' ಎಂಬ ಎರಡು ಗುರುತುಗಳು ಇಂದಿಗೂ ಫಾಂಟುಗಳಲ್ಲಿ ಜೊತೆಜೊತೆಯಾಗಿ ಕಾಣುವುದಕ್ಕೆ ಇದೇ ಕಾರಣ. ಒಮ್ಮೆ ಯಂತ್ರಸಂಕೇತದಲ್ಲಿ ಹುದುಗಿದ ನಿಯಮವನ್ನು ಬದಲಿಸುವುದು ಎಷ್ಟು ತೊಡಕಿನದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಡ.

೪. ಓದಬಲ್ಲ ನಿಯಮಗಳು

ಕೀಲಿಮಣೆಯ ಕ್ಷೇತ್ರದಲ್ಲಿ ಇನ್ನೂ ಮುಕ್ತವಾದ ದಾರಿ ತೆರೆಯಿತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ, ಗಣಕ ಪರಿಷತ್ತಿನ ಹೆಸರಿನಲ್ಲಿ ಕೆಜಿಪಿ ಎಂದು ಪ್ರಸಿದ್ಧವಾದ ಕೀಲಿಮಣೆಯಲ್ಲಿ 'ಹೊನ್ನವಳ್ಳಿ' ಎಂದು ಮೂಡಿಸಲು ಹತ್ತು ಕೀಲಿಗಳನ್ನು ಒತ್ತಬೇಕು. ಅರ್ಧಾಕ್ಷರಕ್ಕಾಗಿ ಎಫ್ ಕೀಲಿ ಎರಡು ಸಲ ಬರುತ್ತದೆ. ಇಲ್ಲಿ ಓ ಕೀಲಿಯು ವ್ಯಂಜನದ ನಂತರ ಒತ್ತಿದರೆ ಚಿಹ್ನೆಯಾಗಬೇಕು, ಪದದ ಮೊದಲಲ್ಲಿ ಒತ್ತಿದರೆ 'ಒ' ಎಂಬ ಪೂರ್ಣ ಸ್ವರವಾಗಬೇಕು. ಈ ವಿವೇಕವೇ ಕೀಲಿಮಣೆ ತಂತ್ರಾಂಶದ ತಿರುಳು.

ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ಎಂ೧೭ಎನ್ ಎಂಬ ಗ್ರಂಥಾಲಯವನ್ನು ರೂಪಿಸಿದವರು ಜಪಾನಿನ ಸಂಶೋಧಕರು. ಅದರ ಮೂಲ ಸಿ ಭಾಷೆಯದು. ಆದರೆ ಒಂದೊಂದು ಭಾಷೆಯ ಕೀಲಿಮಣೆಯ ನಿಯಮಗಳೂ ಲಿಸ್ಪನ್ನು ಹೋಲುವ, ಆವರಣ ಚಿಹ್ನೆಗಳಿಂದ ಕೂಡಿದ ಸರಳ ಪಠ್ಯದ ಕಡತಗಳಲ್ಲಿವೆ. ಕನ್ನಡದ ಕೆಜಿಪಿ ವಿನ್ಯಾಸಕ್ಕೂ ಅಂಥದೊಂದು ಕಡತವಿದೆ. ಅದನ್ನು ಸಾಧಾರಣ ಪಠ್ಯ ಸಂಪಾದಕದಲ್ಲಿ ತೆರೆಯಬಹುದು, ಒಂದು ಸಾಲನ್ನು ಸೇರಿಸಿ ಕೂಡಲೇ ಪರೀಕ್ಷಿಸಬಹುದು. ಸಿ ಭಾಷೆಯನ್ನು ಅರಿಯಬೇಕಾಗಿಲ್ಲ, ಕಂಪೈಲರ್ ಬೇಕಾಗಿಲ್ಲ.

ಇದೇ ತತ್ತ್ವ ಬೇರೆಡೆಗಳಲ್ಲೂ ಕೆಲಸ ಮಾಡಿದೆ. ಗ್ರಂಥಮುದ್ರಣದಲ್ಲಿ ಬಳಸುವ ಟೆಕ್ ತಂತ್ರಾಂಶದ ಒಂದು ರೂಪವಾದ ಲುವಾಟೆಕ್ ತನ್ನೊಳಗೆ ಲುವಾವನ್ನು ಇರಿಸಿಕೊಂಡಿದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ೨೦೧೩ರಲ್ಲಿ, ಇತರ ಭಾಷೆಗಳ ವಿಕಿಗಳ ಜೊತೆಗೇ, ಲುವಾ ಬಳಸುವ ಸೌಲಭ್ಯ ದೊರೆಯಿತು. ಊರಿನ ಪುಟವೊಂದರ ಮಾಹಿತಿ ಪೆಟ್ಟಿಗೆಯನ್ನು ಕಟ್ಟುವ ಲುವಾ ಘಟಕವೂ ವಿಕಿಯ ಒಂದು ಪುಟವೇ ಆಗಿರುವುದರಿಂದ ಬಲ್ಲ ಸಂಪಾದಕರು ಅದನ್ನು ಓದಿ ತಿದ್ದಬಹುದು. ಆತಿಥೇಯ ವ್ಯವಸ್ಥೆಯಾದರೋ ಇಂಥ ಸ್ಕ್ರಿಪ್ಟುಗಳಿಗೆ ಹತ್ತು ಸೆಕೆಂಡಿನ ಕಾಲಮಿತಿಯನ್ನೂ ಸ್ಮೃತಿಯ ಮಿತಿಯನ್ನೂ ವಿಧಿಸಿ ತನ್ನ ರಕ್ಷಣೆಯನ್ನು ನೋಡಿಕೊಳ್ಳುತ್ತದೆ.

೫. ಶಾಸನಗಳ ಅಕ್ಷರ

ಈ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗೆ ನೇರವಾಗಿ ತಟ್ಟುವುದು ಶಾಸನಪಾಠಗಳನ್ನು ಗಣಕಕ್ಕೆ ಸೇರಿಸುವಾಗ. ಬಿ.ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟದಲ್ಲಿ ತುಮಕೂರು ಜಿಲ್ಲೆಯ, ಅಂದರೆ ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳದೂ ಸೇರಿದಂತೆ, ಶಾಸನಗಳಿವೆ. ಹಳಗನ್ನಡದ ಪಾಠಗಳಿಗೆ ಱ ಮತ್ತು ೞ ಅನಿವಾರ್ಯ. ಇವೆರಡಕ್ಕೂ ಯುನಿಕೋಡಿನಲ್ಲಿ ಮೊದಲಿನಿಂದ ಸ್ಥಾನವಿದ್ದರೂ ೞಕಾರಕ್ಕೆ ಅಲ್ಲಿ 'ಫ' ಎಂದು ತಪ್ಪು ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಶಿಷ್ಟತೆಯ ಕಟ್ಟುಪಾಡಾದುದರಿಂದ ತಪ್ಪು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲು ೨೦೨೧ರ ಯುನಿಕೋಡ್ ೧೪ನೆಯ ಆವೃತ್ತಿಯಲ್ಲಿ ಸೇರ್ಪಡೆಯಾಯಿತು. ಅಲ್ಲಿಯವರೆಗೆ ಯುನಿಕೋಡಿನ ಶಾಸನಪಾಠಗಳಲ್ಲಿ ಅದನ್ನು ಸಾಧಾರಣ 'ನ್'ನಿಂದ ಬೇರ್ಪಡಿಸಿ ತೋರಿಸಲು ಪ್ರತ್ಯೇಕ ಸಂಕೇತವಿರಲಿಲ್ಲ.

ಇಂಥ ಹೊಸ ಅಕ್ಷರವೊಂದು ಬಂದಾಗ ಸ್ಕ್ರಿಪ್ಟ್ ರೂಪದ ಕೀಲಿಮಣೆಗೆ ಬೇಕಾದುದು ಒಂದು ಸಾಲು, ಫಾಂಟಿಗೆ ಬೇಕಾದುದು ಒಂದು ಆಕೃತಿ. ಶಾಸನತಜ್ಞನೊಬ್ಬ ತನ್ನ ಶಿಷ್ಯರ ನೆರವಿನಿಂದ ಇವನ್ನು ಸಾಧಿಸಬಲ್ಲ. ನಿಯಮಗಳೆಲ್ಲ ಮುಚ್ಚಿದ ತಂತ್ರಾಂಶದಲ್ಲಿದ್ದರೆ, ಬಳಸುವವರ ಸಂಖ್ಯೆ ಅತ್ಯಲ್ಪವಾದ ಇಂಥ ಅಕ್ಷರಕ್ಕಾಗಿ ಯಾವ ವಾಣಿಜ್ಯ ಸಂಸ್ಥೆ ಶ್ರಮಿಸೀತು?

೬. ಆಕ್ಷೇಪಗಳು

ಅಂತರ್ಗತ ಸ್ಕ್ರಿಪ್ಟುಗಳಿಂದ ಅಪಾಯವಿಲ್ಲವೆಂದಲ್ಲ. ೧೯೯೯ರಲ್ಲಿ ಜಗತ್ತಿನಾದ್ಯಂತ ಹಬ್ಬಿದ ಮೆಲಿಸಾ ವೈರಸ್ಸು ವರ್ಡ್ ಕಡತಗಳೊಳಗಿನ ಮ್ಯಾಕ್ರೊ ಭಾಷೆಯನ್ನೇ ವಾಹನ ಮಾಡಿಕೊಂಡಿತ್ತು. ೨೦೧೧ರಲ್ಲಿ ಪತ್ತೆಯಾದ ಡುಕು ಎಂಬ ಕುತಂತ್ರಾಂಶ ವಿಂಡೋಸ್‌ನ ಟ್ರೂಟೈಪ್ ಫಾಂಟ್ ಸಂಸ್ಕರಣೆಯಲ್ಲಿದ್ದ ದೋಷದ ಮೂಲಕ ಒಳನುಗ್ಗಿತು. ಹೊರಗಿನಿಂದ ಬಂದ ಸ್ಕ್ರಿಪ್ಟನ್ನು ನಡೆಸುವುದೆಂದರೆ ಅಪರಿಚಿತನಿಗೆ ಮನೆಯೊಳಗೆ ಕೆಲಸ ಕೊಟ್ಟಂತೆ. ಅವನು ಯಾವ ಕೋಣೆಗೆ ಹೋಗಬಹುದೆಂದು ಮೊದಲೇ ಗೊತ್ತುಮಾಡಬೇಕು. ಎರಡನೆಯ ಆಕ್ಷೇಪ ಏಕರೂಪತೆಯದು. ಒಬ್ಬೊಬ್ಬರೂ ತಮ್ಮಿಷ್ಟದಂತೆ ನಿಯಮ ಬರೆದರೆ ಫಾಂಟ್ ಸಂಕೇತಗಳ ಕಾಲದ ಗೊಂದಲ ಮರುಕಳಿಸಬಹುದು. ಆದುದರಿಂದ ಸಂಕೇತಗಳ ವ್ಯವಸ್ಥೆ ಎಲ್ಲರಿಗೂ ಒಂದೇ ಆಗಿರಬೇಕು. ಕೀಲಿ, ಆಕೃತಿ, ಪ್ರಾಚೀನ ರೂಪಗಳ ಬಳಕೆ ಮೊದಲಾದುವು ಮಾತ್ರ ತೆರೆದ ನಿಯಮಗಳ ಪಾಲಿಗಿರಬೇಕು.

ಈ ಸಮತೋಲನದ ಶೋಧ ಮುಂದುವರಿದಿದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡವನ್ನು ಜೋಡಿಸುವ ಹಾರ್ಫ್‌ಬಝ್ ಎಂಬ ಮುಕ್ತ ಎಂಜಿನ್ನಿನ ೮ನೆಯ ಆವೃತ್ತಿ ೨೦೨೩ರಲ್ಲಿ ಹೊರಬಂದಾಗ, ಫಾಂಟು ತನ್ನೊಳಗೇ ವೆಬ್‌ಅಸೆಂಬ್ಲಿ ರೂಪದ ಕಿರುತಂತ್ರಾಂಶವನ್ನು ಹೊತ್ತು ತರಲು ಅವಕಾಶ ಕೊಡುವ ಪ್ರಾಯೋಗಿಕ ಸೌಲಭ್ಯವೊಂದು ಅದರಲ್ಲಿ ಸೇರಿತು. ಅಕ್ಷರ ಜೋಡಣೆಯ ನಿಯಮಗಳೆಲ್ಲವನ್ನೂ ಎಂಜಿನ್ನಿನಿಂದ ಫಾಂಟಿಗೆ ಸ್ಥಳಾಂತರಿಸುವ ಸಾಧ್ಯತೆ ಇದರಿಂದ ಕಾಣಿಸಿಕೊಂಡಿದೆ. ಆದರೆ ಇದೂ ಕಂಪೈಲ್ ಆದ ರೂಪವೇ. ಮೂಲಪಠ್ಯವನ್ನು ಜೊತೆಗೆ ಪ್ರಕಟಿಸದಿದ್ದರೆ ಚಿಪ್ಪು ಬದಲಾಯಿತೇ ಹೊರತು ತಿರುಳು ಕೈಗೆ ಸಿಕ್ಕಂತಾಗಲಿಲ್ಲ.

೭. ಉಪಸಂಹಾರ

ಕನ್ನಡ ಲಿಪಿಯ ನಿಯಮಗಳು ಮೂರೂವರೆ ದಶಕಗಳಿಗೂ ಮೀರಿದ ಅವಧಿಯಲ್ಲಿ ಕಾರ್ಡಿನಿಂದ ಮುಚ್ಚಿದ ತಂತ್ರಾಂಶಕ್ಕೆ, ಅಲ್ಲಿಂದ ಎಂಜಿನ್ ಮತ್ತು ಫಾಂಟುಗಳಿಗೆ, ಕೊನೆಗೆ ಓದಬಲ್ಲ ಕಡತಗಳಿಗೆ ಹಂತಹಂತವಾಗಿ ಸರಿದುಬಂದಿವೆ. ಈ ಚಲನೆ ತಾನಾಗಿಯೇ ಪೂರ್ಣಗೊಳ್ಳುವಂಥದಲ್ಲ. ಹಳೆಯ ಫಾಂಟ್ ಸಂಕೇತಗಳಲ್ಲಿ ಉಳಿದಿರುವ ಪುಸ್ತಕ, ಸ್ಮರಣಸಂಚಿಕೆ, ಕಚೇರಿ ಪತ್ರಗಳನ್ನು ಯುನಿಕೋಡಿಗೆ ತರುವ ಪರಿವರ್ತನಾ ಕೋಷ್ಟಕಗಳನ್ನೂ, ಕೀಲಿಮಣೆಯ ಕಡತಗಳನ್ನೂ, ಫಾಂಟುಗಳ ಮೂಲಗಳನ್ನೂ ನಿಘಂಟು ವ್ಯಾಕರಣಗಳಂತೆಯೇ ಭಾಷೆಯ ಆಕರಗಳೆಂದು ಪರಿಗಣಿಸಿ, ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಸಂರಕ್ಷಿಸಿ ಪ್ರಕಟಿಸಬೇಕಾಗಿದೆ. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಕನ್ನಡ ತಂತ್ರಾಂಶಗಳಲ್ಲಿ ಲಿಪಿಯ ನಿಯಮಗಳು ಪ್ರತ್ಯೇಕವಾದ, ಓದಬಲ್ಲ ರೂಪದಲ್ಲಿರಬೇಕೆಂಬುದು ಒಪ್ಪಂದದ ಷರತ್ತೇ ಆಗಬೇಕು. ಹಾಗಾದಾಗ ಹೋಬಳಿಯ ಶಾಲೆಯ ಕನ್ನಡ ಅಧ್ಯಾಪಕನಿಗೆ ತಪ್ಪೊಂದು ಕಂಡರೆ ಅವನು ಅದನ್ನು ಬರಿದೆ ದೂರಿ ಸುಮ್ಮನಾಗಬೇಕಾಗಿಲ್ಲ. ಆ ಸಾಲನ್ನು ಗುರುತಿಸಿ, ತಿದ್ದುಪಡಿಯನ್ನು ತಾನೇ ಬರೆದು ಕಳುಹಿಸಬಲ್ಲ.